ಮನೆ ನೋಡಲು ಬಂದವಳು

ಕದ ತಟ್ಟುವ ಮೊದಲೇ ಬಾಗಿಲು ತೆರೆಯಿತು. ದಾಕ್ಷಾಯಿಣಿಯ ಎತ್ತಿದ ಕೈ ಹಾಗೇ ಗಾಳಿಯಲ್ಲಿ ನಿಂತಿತು.

ಎದುರಿಗಿದ್ದವನ ಕಿವಿಗೂ ಭುಜಕ್ಕೂ ನಡುವೆ ಮೊಬೈಲು ಸಿಕ್ಕಿಕೊಂಡಿತ್ತು. ಸೊಂಟದ ಮೇಲೆ ಒಂದು ಮಗು, ಅಂಗಿಯ ಚುಂಗು ಹಿಡಿದು ಹಿಂದೆ ಇನ್ನೊಂದು. ಅವಸರದಲ್ಲಿ ಹಾಕಿಕೊಂಡ ಗುಂಡಿಗಳು ಒಂದೂ ತನ್ನ ಜಾಗದಲ್ಲಿರಲಿಲ್ಲ.

"ಮಕ್ಕಳನ್ನ ನೋಡ್ಕಳ್ಳಾಕೆ ಚಂದ್ರಕ್ಕ ಕಳ್ಸಿದ್ರಲ್ವಾ? ಬರ್ರಿ, ಬರ್ರಿ. ಪುಣ್ಯ ಕಟ್ಕಂಡ್ರಿ" ಎಂದವನೇ ಸೊಂಟದ ಮಗುವನ್ನು ಅವಳ ತೋಳಿಗೆ ದಾಟಿಸಿದ. "ಅಣ್ಣ, ಸಂಜೆಯೊಳಗೆ ಫೈಲ್ ಕಳಿಸ್ತೀನಿ, ನಿನ್ನಾಣೆ" ಎಂದು ಫೋನಿಗೆ ಹೇಳುತ್ತ ಒಳಗೆ ಓಡಿದ.

ಅವಳು ಬಾಯಿ ತೆರೆದಳು. ಮಗು ಅವಳ ಕೊರಳ ಸಂದಿಗೆ ಮೂಗು ಒರೆಸಿ, ಅಲ್ಲೇ ತಲೆ ಇಟ್ಟುಕೊಂಡಿತು. ಅವಳು ಬಾಯಿ ಮುಚ್ಚಿದಳು.

ಭೀಮಸಮುದ್ರದಿಂದ ಹೊಳಲ್ಕೆರೆಯವರೆಗೆ ಬಸ್ಸಿನಲ್ಲಿ ಅವಳು ಒಂದು ನೆಪವನ್ನು ಉರು ಹೊಡೆದುಕೊಂಡು ಬಂದಿದ್ದಳು. ಲಗ್ನಪತ್ರಿಕೆ ಮಾಡಿಸಬೇಕು, ಗೆಳತಿಯ ಮದುವೆಗೆ. ಕಲ್ಲೇಶ್ ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಲಗ್ನಪತ್ರಿಕೆ ಡಿಸೈನ್ ಮಾಡುತ್ತಾನೆ ಎಂದು ಚಂದ್ರಕ್ಕ ಹೇಳಿದ್ದಳು. ಸಂಬಂಧ ತಂದವಳು ಅವಳೇ.

ಅಪ್ಪ ಮರುಳಸಿದ್ದಪ್ಪನದು ಒಂದೇ ಹಟ. "ಮೊದ್ಲು ನಾವು ಹೋಗಿ ಹುಡುಗನ ಮನೆ ನೋಡ್ತೀವಿ. ಮನೆ ಒಪ್ಪಿದ್ರೆ ಆಮೇಲೆ ಹುಡುಗಿ ತೋರ್ಸೋದು. ಅಲ್ಲೀಗಂಟ ಫೋಟೋನೂ ಇಲ್ಲ, ಹೆಸರೂ ಇಲ್ಲ." ಮನೆ ನೋಡುವುದು ಭಾನುವಾರಕ್ಕೆ ಗೊತ್ತಾಗಿತ್ತು. ಹೋಗುವವರು ಹಿರಿಯರು. ಆ ಮನೆಯಲ್ಲಿ ಬಾಳಬೇಕಾದವಳು ಅದನ್ನು ನೋಡುವ ಪದ್ಧತಿ ಮಾತ್ರ ಎಲ್ಲೂ ಇಲ್ಲ.

ಹುಡುಗನ ಫೋಟೋ ಮಾತ್ರ ಅವಳ ಫೋನಿಗೆ ಬಂದಿತ್ತು. ಅಂಚು ಕತ್ತರಿಸಿದ ಫೋಟೋ. ಕಾಲರಿನ ಮೇಲೆ ನಾಲ್ಕು ಪುಟ್ಟ ಬೆರಳುಗಳು ಉಳಿದುಬಿಟ್ಟಿದ್ದವು. ಯಾರ ಬೆರಳು ಎಂದು ಕೇಳಿದ್ದಕ್ಕೆ ಚಂದ್ರಕ್ಕ ಮಾತು ಹೊರಳಿಸಿದ್ದಳು. ಎಂ.ಎ. ಓದಿ, ಗೆಸ್ಟ್ ಲೆಕ್ಚರರ್ ಕೆಲಸಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದ ದಾಕ್ಷಾಯಿಣಿಗೆ ಜನ ಆಡಿದ ಮಾತಿಗಿಂತ ನುಂಗಿದ ಮಾತಿನ ಮೇಲೇ ಯಾವಾಗಲೂ ಗಮನ. ಅದಕ್ಕೇ ಗುರುವಾರವೇ ಹೊರಟು ಬಂದಿದ್ದಳು.

ಈಗ ಆ ಬೆರಳುಗಳು ಅವಳ ಸರವನ್ನು ಎಳೆಯುತ್ತಿದ್ದವು.

"ಅವನು ಉಗ್ರಪ್ಪ" ಎಂದಿತು ಕೆಳಗಿನಿಂದ ಒಂದು ದನಿ. "ನಮ್ ತಾತನ ಹೆಸ್ರು ಇಟ್ಟವ್ರೆ. ನಾವು ಉಗ್ಗಿ ಅಂತೀವಿ. ನಾನು ಪ್ರೀತಿ. ನಿನ್ ಹೆಸ್ರೇನು?"

ಮಗುವಿಗೆ ಸುಳ್ಳು ಹೇಳುವುದು ಅವಳಿಗೆ ಆಗದು. ನಿಜ ಹೇಳುವಂತಿಲ್ಲ. "ನೀನೇ ಒಂದು ಇಡು" ಎಂದಳು.

ಪ್ರೀತಿ ಬಹಳ ಹೊತ್ತು ಅವಳನ್ನೇ ನೋಡಿದಳು. "ನೀನು ಮಾತೇ ಆಡಲ್ಲ. ಸುಮ್ನಕ್ಕ."

ಒಳಗಿನ ಕೋಣೆಯಿಂದ ಕಲ್ಲೇಶನ ನಗು ಕೇಳಿಸಿತು. ಬಾಗಿಲಿನಾಚೆಯಿಂದ ಬರುವ ನಗುವಿಗೆ ಮುಖ ಇರುವುದಿಲ್ಲ, ಆದರೂ ಅವಳ ಕಿವಿ ಬೆಚ್ಚಗಾಯಿತು.

ಮನೆಯ ಸಂಗತಿಯೆಲ್ಲ ಪ್ರೀತಿಯ ಬಾಯಿಂದಲೇ ಬಂತು. ಅಮ್ಮ ಪಲ್ಲವಿ, ಮಾಮನ ಅಕ್ಕ, ಚಿತ್ರದುರ್ಗದಲ್ಲಿ ನರ್ಸು. ಇವತ್ತು ಮಾಮನ ಅಮ್ಮ ಬಸಮ್ಮಜ್ಜಿಯೂ ಮಂಡಿ ತೋರಿಸಲು ಅವಳ ಜೊತೆ ಹೋಗಿದ್ದಾಳೆ. ಅಪ್ಪ ಫೋಟೋದಲ್ಲಿದ್ದಾನೆ, ಫೋಟೋಕ್ಕೆ ದಿನಾ ಹೂವು. ಉಗ್ಗಿಗೆ ಅಪ್ಪ ಗೊತ್ತಿಲ್ಲ, "ನಂಗೆ ಒಂಚೂರು ಗೊತ್ತು."

ದಾಕ್ಷಾಯಿಣಿ ಹುಡುಗಿಯ ಜಡೆ ಬಿಚ್ಚಿ, ಮತ್ತೆ ನಿಧಾನವಾಗಿ ಹೆಣೆದಳು.

ಆಟದ ಸಾಮಾನೆಂದರೆ ಒಂದು ರಟ್ಟಿನ ಪೆಟ್ಟಿಗೆ ತುಂಬ ತಪ್ಪಾಗಿ ಅಚ್ಚಾದ ಲಗ್ನಪತ್ರಿಕೆಗಳು. "ಇವು ತಪ್ಪು ಕಾರ್ಡು. ಇವುಕ್ಕೆ ಮದ್ವೆ ಆಗಲ್ಲ" ಎಂದು ಪ್ರೀತಿ ಗಂಭೀರವಾಗಿ ವಿವರಿಸಿದಳು. ಇಬ್ಬರೂ ಕೂತು ಅವನ್ನು ಮಡಿಸಿ ಗೋಡೆ ನಿಲ್ಲಿಸಿದರು, ಚಾವಣಿ ಹೊದಿಸಿದರು. ಉಗ್ಗಿ ಒಂದೊಂದೇ ಮನೆಯ ಮೇಲೆ ಕೂತು ನೆಲಸಮ ಮಾಡುತ್ತ ಬಂದ. ಆ ಹೊತ್ತಿಗೆ ಮಾತ್ರ ಅವನ ಹೆಸರು ಅವನಿಗೆ ಒಪ್ಪುತ್ತಿತ್ತು.

ಮಧ್ಯಾಹ್ನ ಊಟದ ತಟ್ಟೆ ಕಂಡ ಕೂಡಲೇ ಅವನು ಬಾಯಿ ಬಿಗಿದ.

"ಅವನ ಹಿಂದೆ ಓಡ್ಬೇಕ್ರಿ" ಎಂದ ಕಲ್ಲೇಶ್, ಕೋಣೆಯ ಬಾಗಿಲಲ್ಲಿ ನಿಂತು. "ನಾನು ಬೀದಿ ತುಂಬ ಓಡ್ತೀನಿ. ಎದುರುಮನೆ ಏಕನಾಥಮ್ಮಜ್ಜಿ ಜಗಲಿ ಮ್ಯಾಲೆ ಕೊನೇ ತುತ್ತು."

ದಾಕ್ಷಾಯಿಣಿ ಓಡಲಿಲ್ಲ. ಕಾರ್ಡಿನ ಮನೆಗಳ ನಡುವೆ ತಟ್ಟೆ ಇಟ್ಟಳು. ಅನ್ನ ಬೇಳೆ ನುರಿದು ಪುಟ್ಟ ತುತ್ತು ಮಾಡಿ, ಕಾರ್ಡಿನ ಬಾಗಿಲಿಂದ ಹೊರಡಿಸಿದಳು. "ಬೀಗರು ಬಂದ್ರು. ದಾವಣಗೆರೆ ಬೀಗರು. ಬಾಗ್ಲು ತೆಗೀರಪ್ಪೋ."

ಉಗ್ಗಿಯ ಬಾಯಿ ತೆರೆಯಿತು. ಬೀಗರು ಒಳಗೆ ಹೋದರು. ಹಿರಿಯೂರಿನವರು ಬಂದರು, ಹೊಸದುರ್ಗದವರು ಬಂದರು. ಹಾಲುರಾಮೇಶ್ವರದಿಂದ ಬಂದವರಿಗೆ ಮಾತ್ರ ಹೊಟ್ಟೆಯಲ್ಲಿ ಜಾಗ ಇರಲಿಲ್ಲ.

ಅವಳು ತಲೆ ಎತ್ತಿದಾಗ ಕಲ್ಲೇಶ್ ಇನ್ನೂ ಬಾಗಿಲಲ್ಲೇ ಇದ್ದ. ಕಣ್ಣು ಕೂಡಿದವು. ಅವನು ತಕ್ಷಣ ತನ್ನ ಅಂಗಿಯತ್ತ ನೋಡಿಕೊಂಡು, ಗುಂಡಿಗಳ ಅವಸ್ಥೆ ಕಂಡು, ಗೋಡೆಯ ಕಡೆ ತಿರುಗಿ ಸರಿಪಡಿಸತೊಡಗಿದ. ಅವಳು ತಟ್ಟೆಯೊಳಗೆ ನಕ್ಕಳು.

ಕರೆಂಟು ಹೋಯಿತು. ಕಂಪ್ಯೂಟರು ಕಿಂಯ್ ಎಂದು ಸತ್ತಿತು, ಉಗ್ಗಿ ಸೆಕೆಗೆ ಅಳಲು ಶುರುಮಾಡಿದ, ಪ್ರೀತಿ ಅವನಿಗಿಂತ ಜೋರಾಗಿ ಸಮಾಧಾನ ಮಾಡತೊಡಗಿದಳು. ದಾಕ್ಷಾಯಿಣಿ ಬಸಮ್ಮನ ಕರಿ ಕಂಬಳಿಯನ್ನು ಎರಡು ಕುರ್ಚಿಗಳ ಮೇಲೆ ಹರಡಿ ಗುಡಾರ ಮಾಡಿದಳು. ಗಾಳಿ ಬರಲೆಂದು ಕಿಟಕಿಯ ಕಡೆ ತೆರೆದಿಟ್ಟಳು.

"ಇದು ಕೇಳೋ ಆಟ. ಯಾರೂ ಮಾತಾಡಂಗಿಲ್ಲ. ಆಮೇಲೆ ಏನೇನು ಕೇಳಿಸ್ತು ಅಂತ ಹೇಳ್ಬೇಕು."

ಏನಾಯಿತೋ ಎಂದು ಕಲ್ಲೇಶ್ ಬಂದು ಕಂಬಳಿ ಎತ್ತಿದ.

"ಮಾಮ, ಬಾ ಒಳಗೆ. ಮಾತಾಡಿದ್ರೆ ಔಟು!"

ಅವನು ಮಂಡಿಯೂರಿ ನುಸುಳಿದ. ಗುಡಾರ ಚಿಕ್ಕದು, ಅವನು ಮೊಣಕಾಲನ್ನು ಗಲ್ಲಕ್ಕೆ ಒತ್ತಿ ಕೂತ. ಉಗ್ಗಿ ಅವಳ ತೊಡೆಯ ಮೇಲೆ ಕಣ್ಣು ಮುಚ್ಚುತ್ತಿದ್ದ. ಕಂಬಳಿಯ ಸಣ್ಣ ಸಣ್ಣ ತೂತುಗಳಿಂದ ಬಿಸಿಲು ಚುಕ್ಕಿ ಚುಕ್ಕಿಯಾಗಿ ಇಳಿದು ಅವನ ಹಣೆ, ಅವಳ ಮುಂಗೈ ಎರಡರ ಮೇಲೂ ಬಿದ್ದಿತ್ತು.

ಮೌನದಲ್ಲಿ ಜನ ಚಡಪಡಿಸುವುದನ್ನು ಅವಳು ನೋಡಿದ್ದಳು. ಅಪ್ಪ ಗಂಟಲು ಸರಿಮಾಡಿಕೊಳ್ಳುತ್ತಾನೆ, ಗೆಳತಿಯರು ಫೋನು ತೆಗೆಯುತ್ತಾರೆ. ಇವನು ಮಾತ್ರ ಬಹಳ ದಿನಗಳ ಮೇಲೆ ನೆರಳು ಸಿಕ್ಕವನಂತೆ ಕೂತಿದ್ದ. ಒಮ್ಮೆ ಅವಳನ್ನು ನೋಡಿದ. ನೋಡಿದ್ದನ್ನು ಮುಚ್ಚಿಡಲು ಕಂಬಳಿ ನೋಡಿದ. ಮತ್ತೆ ಅವಳನ್ನು ನೋಡಿದ.

"ಆಯ್ತು!" ಎಂದಳು ಪ್ರೀತಿ. "ನಂಗೆ ಕಾಗೆ ಕೇಳಿಸ್ತು. ಏಕನಾಥಮ್ಮಜ್ಜಿ ಹುಣಸೆಹಣ್ಣು ಕುಟ್ಟಿದ್ದು ಕೇಳಿಸ್ತು. ಮಾಮನ ಹೊಟ್ಟೆ ಗುರ್ ಅಂದಿದ್ದು ಕೇಳಿಸ್ತು. ಮಾಮ, ನಿಂಗೆ?"

"ನಂಗೆ ಏನೂ ಕೇಳಿಸ್ಲಿಲ್ಲ ಕಣವ್ವ." ಅವನು ಮೆಲ್ಲಗೆ ಹೇಳಿದ. "ಈ ಮನೇಲಿ ಏನೂ ಕೇಳಿಸ್ದಂಗೆ ಆಗಿ ಎಷ್ಟು ದಿನ ಆಗಿತ್ತು."

ದಾಕ್ಷಾಯಿಣಿಯ ಎದೆಯಲ್ಲಿ ಏನೋ ಸದ್ದಿಲ್ಲದೆ ಜಾಗ ಬದಲಿಸಿತು.

ಕರೆಂಟು ಬಂದ ಮೇಲೆ ಅವನು ಕೆಲಸ ಮುಗಿಸಿದ. ಟೀ ಮಾಡಿ ತಂದು, ಲೋಟವನ್ನು ಅವಳ ಪಕ್ಕದ ನೆಲದ ಮೇಲಿಟ್ಟು, ತಾನು ಹೊಸ್ತಿಲ ಮೇಲೆ ಕೂತ.

"ನಿಮ್ಮನ್ನ ಖಾಯಂ ಇಟ್ಕಳ್ಳೋ ಆಸೆ ಐತೆ. ಆದ್ರೆ ಭಾನುವಾರ ಏನಾಗ್ತೈತೋ ನೋಡ್ಬೇಕು. ನಮ್ಮನೆ ನೋಡಾಕೆ ಜನ ಬರ್ತಾರೆ. ಹೆಣ್ಣಿನ ಕಡೆಯವ್ರು."

"ಒಳ್ಳೇದಲ್ವಾ?"

"ಚಂದ್ರಕ್ಕ ಮಕ್ಕಳನ್ನ ಎದುರುಮನೆಗೆ ಕಳ್ಸಿ ಅಂತಾಳೆ. ಮಕ್ಕಳನ್ನ ಕಂಡೇ ಎರಡು ಸಂಬಂಧ ಎದ್ದು ಹೋದ್ವು. ನನ್ನಿಂದ ನಿನ್ನ ಬಾಳು ನಿಂತೈತೆ ಅಂತ ಅಕ್ಕ ಅಳ್ತಾಳೆ. ಅಮ್ಮನೂ ಕೈ ಮುಗೀತಾಳೆ, ಮದ್ವೆ ಆಗೋಗಂಟ ಸುಮ್ನಿರಪ್ಪ ಅಂತ."

"ನೀವೇನಂತೀರಿ?"

"ಹೂಂ ಅಂದೀನಿ." ಅವನು ಲೋಟದೊಳಗೆ ನೋಡಿದ.

ಅವಳ ಟೀ ಒಮ್ಮೆಗೇ ಕಹಿಯಾಯಿತು. ಮಕ್ಕಳು ಅವಳಿಗೆ ಭಾರವಲ್ಲ, ಅದು ಮಧ್ಯಾಹ್ನವೇ ಗೊತ್ತಾಗಿತ್ತು. ಆದರೆ ಮಕ್ಕಳನ್ನು ಬಚ್ಚಿಟ್ಟು ತನ್ನನ್ನು ಕರೆದುಕೊಳ್ಳುವ ಮನೆಯಲ್ಲಿ, ನಾಳೆ ತನ್ನಿಂದ ಇನ್ನೇನು ಬಚ್ಚಿಡುತ್ತಾರೋ. ತಾನು ಯಾರೆಂದು ಈಗಲೇ ಹೇಳಿಬಿಡಬಹುದು. ಹೇಳಿದರೆ ಅವನು ಮುಚ್ಚಿಡಲಾರ, ನಿಜ. ಆದರೆ ಮುಚ್ಚಿಡುತ್ತಿದ್ದನೋ ಇಲ್ಲವೋ ಎನ್ನುವುದು ಅವಳಿಗೆ ಎಂದೂ ತಿಳಿಯದೆ ಹೋಗುತ್ತದೆ.

"ನಾಳೆ ಬರ್ತೀರಲ್ವಾ?" ಎಂದ ಅವಳು ಚಪ್ಪಲಿ ಮೆಟ್ಟುವಾಗ.

"ಭಾನುವಾರ ಕಳೀಲಿ" ಎಂದಷ್ಟೇ ಹೇಳಿ ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಬೆನ್ನ ಮೇಲೆ ಅವನ ನೋಟ ತಿರುವಿನವರೆಗೂ ಇತ್ತು.

ಭಾನುವಾರ ಬೆಳಿಗ್ಗೆ ಅವಳು ಸೀರೆಯುಟ್ಟು ಕಾರಿನ ಹಿಂದಿನ ಸೀಟಿನಲ್ಲಿ ಕೂತುಬಿಟ್ಟಿದ್ದಳು.

"ಇಳಿಯವ್ವ. ಹುಡುಗಿ ಮನೆ ನೋಡಾಕೆ ಬರೋದು ಯಾವೂರ ಪದ್ಧತಿ?" ಎಂದ ಮರುಳಸಿದ್ದಪ್ಪ.

"ಬಾಳೋದು ನಾನಪ್ಪ. ನೀವು ನೋಡಿದ್ರೆ ನಿಮ್ಮ ಕಣ್ಣಿಗೆ ಕಾಣೋದು ಗೋಡೆ."

ಕಾರು ಓಡಿಸಬೇಕಿದ್ದ ಸೋದರಮಾವ ಗುರುರಾಜ್ ನಗು ತಡೆಯಲು ಕನ್ನಡಿ ಒರೆಸಿದ. "ಬರ್ಲಿ ಬಿಡ್ರಿ ಭಾವ. ಕಾರಿನಾಗೇ ಕುಂತಿರ್ತಾಳೆ."

ಹಾಗೆಂದೇ ಒಪ್ಪಂದವಾಯಿತು. ಹೊಳಲ್ಕೆರೆಯ ಆ ಬೀದಿಯಲ್ಲಿ ಬೇವಿನ ನೆರಳಿಗೆ ಕಾರು ನಿಲ್ಲಿಸಿ, ಅವರಿಬ್ಬರೂ ಅಲ್ಲೇ ಕಾಯುತ್ತಿದ್ದ ಚಂದ್ರಕ್ಕನೊಂದಿಗೆ ಒಳಗೆ ಹೋದರು. ಬಾಗಿಲಲ್ಲಿ ಬಸಮ್ಮ, ಪಲ್ಲವಿ ನಗುತ್ತ ನಿಂತಿದ್ದರು. ರಂಗೋಲಿ ಹೊಸದಾಗಿತ್ತು. ಗುರುವಾರ ಒಗೆದ ಪುಟ್ಟ ಚಡ್ಡಿಗಳು ನೇತಾಡುತ್ತಿದ್ದ ಹಗ್ಗ ಈಗ ಬೋಳಾಗಿತ್ತು.

ಎದುರುಮನೆಯ ಜಗಲಿಯಲ್ಲಿ ಏಕನಾಥಮ್ಮನ ತೊಡೆಯ ಮೇಲೆ ಉಗ್ಗಿ. ಪಕ್ಕದಲ್ಲಿ ಪ್ರೀತಿ, ಹೊಸ ಫ್ರಾಕಿನಲ್ಲಿ, ತುಟಿಯ ಮೇಲೆ ತಾನೇ ಬೆರಳಿಟ್ಟುಕೊಂಡು ಕೂತಿದ್ದಳು. ಯಾರೋ ಅವಳಿಗೆ ಇದೂ ಕೇಳೋ ಆಟ ಎಂದು ಹೇಳಿರಬೇಕು.

ದಾಕ್ಷಾಯಿಣಿಯ ಕಣ್ಣು ತುಂಬಿತು. ಸಿಟ್ಟೂ ಇತ್ತು ಅದರಲ್ಲಿ. ಅವಳ ಕೈ ಕಾರಿನ ಬಾಗಿಲಿಗೆ ಹೋಯಿತು, ಅಲ್ಲೇ ನಿಂತಿತು. ಇದು ತಾನು ಇಳಿಯುವ ಹೊತ್ತಲ್ಲ. ಕಾಯಬೇಕು.

ಒಳಗಿಂದ ಕಾಫಿ ಲೋಟಗಳ ಸದ್ದು, ಅಪ್ಪನ ದೊಡ್ಡ ದನಿ. "ಮನೆ ಚೊಕ್ಕ ಐತೆ. ಸಣ್ಣ ಸಂಸಾರ. ನಮಗೆ ಒಪ್ಪಿಗೆ ಅಂತ್ಲೇ ತಿಳ್ಕಳ್ರಿ." ಚಂದ್ರಕ್ಕನ ನಗು. ಅಷ್ಟೇ, ಮುಗಿಯಿತು ಎಂದುಕೊಂಡಳು.

ಆಗ ಕಲ್ಲೇಶ್ ಹೊರಗೆ ಬಂದ.

ಬಿಳಿ ಅಂಗಿ, ಈ ಸಲ ಗುಂಡಿಗಳೆಲ್ಲ ಸರಿಯಾಗಿದ್ದವು. ಬರಿಗಾಲಲ್ಲೇ ಬೀದಿ ದಾಟಿದ. ಕಾರಿನ ಕಡೆ ನೋಡಲೇ ಇಲ್ಲ. ಹಿಂದಿನಿಂದ ಪಲ್ಲವಿ "ಕಲ್ಲೇಶ, ಬ್ಯಾಡ ಕಣೋ" ಎಂದು ಕೂಗಿದ್ದು ಕೇಳಿಸಿತು. ಅವನು ಉಗ್ಗಿಯನ್ನು ಸೊಂಟಕ್ಕೇರಿಸಿಕೊಂಡು ಪ್ರೀತಿಗೆ ಕೈ ಚಾಚಿದ.

"ಆಟ ಮುಗೀತು ಕಣವ್ವ. ನಡಿ, ಮನೆಗೆ ಹೋಗಾಣ."

ಬೀದಿಯ ನಡುವೆ ಪ್ರೀತಿ ನಿಂತುಬಿಟ್ಟಳು. "ಮಾಮ! ಸುಮ್ನಕ್ಕ! ಕಾರಲ್ಲಿ!"

ಅವನು ತಿರುಗಿದ. ಗಾಜಿನಾಚೆ ಸೀರೆ, ಹೂವು, ಒದ್ದೆ ಕಣ್ಣು. ಅವನಿಗೆ ಅರ್ಥವಾಗುತ್ತಾ ಹೋದದ್ದು ಮುಖದ ಮೇಲೆ ಒಂದೊಂದಾಗಿ ಕಂಡಿತು: ಮೊದಲು ಬೆರಗು, ಆಮೇಲೆ ನಾಚಿಕೆ, ಕೊನೆಗೆ ಕಿವಿಯ ತುದಿಯವರೆಗೆ ಕೆಂಪು. ಅವಳು ಬಾಗಿಲು ತೆರೆದು ಇಳಿದಳು.

ನಾಲ್ವರೂ ಒಟ್ಟಿಗೆ ಒಳಗೆ ಬಂದಾಗ ಮರುಳಸಿದ್ದಪ್ಪನ ಕಾಫಿ ಲೋಟ ತುಟಿಯ ಹತ್ತಿರವೇ ನಿಂತಿತು.

"ಇವ್ರು ನಮ್ಮಕ್ಕನ ಮಕ್ಕಳು" ಎಂದ ಕಲ್ಲೇಶ್. "ಅಕ್ಕನೂ ಇವ್ರೂ ಇಲ್ಲೇ ಇರ್ತಾರೆ, ಯಾವಾಗ್ಲೂ. ಮನೆ ನೋಡಾಕೆ ಬಂದೋರು ಪೂರ್ತಿ ನೋಡ್ಬೇಕು. ಈಗ ಹೇಳ್ರಿ, ಒಪ್ಪಿಗೆನಾ?"

"ಏನಪ್ಪ ಇದು! ಚಂದ್ರಕ್ಕ, ಎರಡು ಮಕ್ಕಳ ಹೊಣೆ ಐತೆ ಅಂತ ಹೇಳ್ಲೇ ಇಲ್ವಲ್ಲ!" ಅಪ್ಪ ಎದ್ದೇಬಿಟ್ಟ. "ದಾಕ್ಷಿ, ನೀನ್ಯಾಕೆ ಇಳಿದೆ? ನಡಿ."

"ಅಪ್ಪ, ನಾನು ಗುರುವಾರನೇ ಬಂದು ನೋಡೀನಿ. ಇವ್ರು ನನ್ನ ಆಯಾ ಅಂದ್ಕಂಡು ಬಾಗಿಲಲ್ಲೇ ಮಗು ಕೈಗೆ ಹಾಕಿದ್ರು. ಕೆಳಗಿಳಿಸ್ದೆ ಇದ್ದದ್ದು ನಾನು. ಸಂಜೇಗಂಟ ಇದ್ದೆ. ಈ ಮನೇಲಿ ಇರೋದೆಲ್ಲ ನಂಗೆ ಒಪ್ಪಿಗೆ. ಇವತ್ತು ಬಚ್ಚಿಟ್ಟಿದ್ದೊಂದು ಒಪ್ಪಿಗೆ ಇರ್ಲಿಲ್ಲ. ಅದನ್ನೂ ಅವರೇ ಸರಿ ಮಾಡಿದ್ರು, ನಾನಿರೋದು ಗೊತ್ತಿಲ್ದೇನೇ."

ಅಷ್ಟು ಮಾತನ್ನು ಅವಳು ಒಟ್ಟಿಗೆ ಆಡಿದ್ದನ್ನು ಮರುಳಸಿದ್ದಪ್ಪ ಎಂದೂ ಕೇಳಿರಲಿಲ್ಲ. ಮಗಳನ್ನು ನೋಡಿದ. ಬಾಗಿಲ ಮರೆಯಲ್ಲಿ ಸೆರಗು ಬಾಯಿಗೊತ್ತಿ ನಿಂತಿದ್ದ ಪಲ್ಲವಿಯನ್ನು ನೋಡಿದ. ಮತ್ತೆ ಕೂತ.

"ಗುರುರಾಜ, ಇವಳು ಬಸ್ಸಲ್ಲಿ ಬಂದು ಮನೆ ನೋಡ್ಕಂಡು ಹೋಗ್ಯಾಳಂತೆ. ನಾವು ಪೆಟ್ರೋಲ್ ಸುಟ್ಕಂಡು ಬಂದೀವಿ" ಎಂದ. "ಹೋಗ್ರಿ. ಇಬ್ರೂ ಹಿತ್ತಲಲ್ಲಿ ಮಾತಾಡ್ಕಳ್ರಿ. ಅದೊಂದು ಶಾಸ್ತ್ರನಾದ್ರೂ ಉಳೀಲಿ."

ಹಿತ್ತಲಲ್ಲಿ ನುಗ್ಗೆಮರದ ಹೂವು ನೀರಿನ ತೊಟ್ಟಿಯೊಳಗೆ ಉದುರುತ್ತಿತ್ತು. ಕಲ್ಲೇಶ್ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ತೊಟ್ಟಿಯ ಆಚೆ ನಿಂತ.

"ಆಯಾ ಬರ್ಲೇ ಇಲ್ಲ ಅಂತ ಚಂದ್ರಕ್ಕ ಅವತ್ತೇ ಸಂಜೆ ಹೇಳಿದ್ಲು. ಹಂಗಾದ್ರೆ ಬಂದೋರು ಯಾರು ಅಂತ ನಾನೂ ಪ್ರೀತೀನೂ ಎರಡು ದಿನ ತಲೆ ಕೆಡಿಸ್ಕಂಡ್ವಿ. ಅವಳು ದೇವತೆ ಅಂದ್ಲು."

"ನೀವೇನಂದ್ರಿ?"

"ನಾನು... ಬೇರೆ ಯಾರನ್ನೂ ನೋಡೋ ಮನಸ್ಸಿಲ್ಲ ಅಂದೆ. ಅಮ್ಮನ ಹತ್ರ."

ಅವಳು ತೊಟ್ಟಿಯಿಂದ ಒಂದು ಹೂವನ್ನು ಬೆರಳಲ್ಲಿ ಎತ್ತಿದಳು. "ಒಂದು ಮಾತು. ನಾನು ಆಯಾ ಆಗಿ ಬರಲ್ಲ. ಕೆಲ್ಸ ಸಿಕ್ಕಿದ್ರೆ ಕಾಲೇಜಿಗೆ ಹೋಗ್ತೀನಿ. ಮಕ್ಕಳನ್ನ ಬೆಳಿಗ್ಗೆ ನೀವು ನೋಡ್ಕಳ್ಳಿ, ಸಂಜೆ ನಾನು."

"ಓಡೋದು?"

"ಓಡೋದು ನೀವೇ."

ಅವನು ನಕ್ಕ. ಈಗ ಆ ನಗುವಿಗೆ ಮುಖವಿತ್ತು, ಅವಳು ಅದನ್ನು ತಪ್ಪಿಸದೆ ಪೂರ್ತಿ ನೋಡಿದಳು. ತೊಟ್ಟಿಯ ಅಂಚಿನ ಮೇಲೆ ಅವನ ಕೈ ಸ್ವಲ್ಪ ಈಚೆ ಸರಿಯಿತು. ಅವಳದು ಸ್ವಲ್ಪ ಆಚೆ.

"ಮಾತು ಮುಗೀತೇನ್ರಪ್ಪ?" ಒಳಗಿನಿಂದ ಮರುಳಸಿದ್ದಪ್ಪನ ಕೂಗು.

ಕಲ್ಲೇಶ್ ಅವಳ ಕಣ್ಣಿನಿಂದ ಕಣ್ಣು ಕೀಳದೆ, ಇಡೀ ಬೀದಿಗೆ ಕೇಳುವ ಹಾಗೆ ಉತ್ತರಿಸಿದ.

"ಇನ್ನೂ ಶುರುವೇ ಆಗಿಲ್ಲ, ಮಾವ!"