ಹಟ್ಟಿಯ ಲಾಟೀನು

“ಚಪ್ಪಲಿ ಬುಟ್ಟು ಒಳಕ್ಕೆ ಬನ್ನಿ.”

ಹೊನ್ನಕ್ಕ ಅವನಿಗೆ ಆಡಿದ ಮೊದಲ ಮಾತು ಅದು. ಕಾರೆಮುಳ್ಳಿನ ಬೇಲಿಯ ಬಾಗಿಲಲ್ಲಿ ಕಂಕುಳಿಗೆ ಕೊಡ ಇಟ್ಟುಕೊಂಡು ನಿಂತಿದ್ದಳು. ಎದುರಿಗಿದ್ದವನು ವಿದ್ಯುತ್ ಸಹಕಾರ ಸಂಘದ ಹೊಸ ಲೈನ್‌ಮನ್. ಹೆಗಲ ಮೇಲೆ ಏಣಿ, ಸೊಂಟಕ್ಕೆ ಹಗ್ಗ, ಕಾಲಲ್ಲಿ ದಪ್ಪನೆಯ ರಬ್ಬರ್ ಚಪ್ಪಲಿ. ಗೊಲ್ಲರ ಹಟ್ಟಿಯೊಳಗೆ ದೇವರ ಗುಡಿಯಿದೆ. ಬೇಲಿ ದಾಟಿದ ಮೇಲೆ ಯಾರ ಕಾಲಲ್ಲೂ ಚಪ್ಪಲಿ ಇರುವಂತಿಲ್ಲ.

ಅವನು ತನ್ನ ಕಾಲು ನೋಡಿಕೊಂಡ, ಆಮೇಲೆ ಅವಳ ಮುಖ ನೋಡಿದ.

“ನಾನೇನೋ ಬಿಡ್ತೀನಿ ಕಣಮ್ಮ. ಈ ಪದ್ಧತಿ ಕರೆಂಟಿಗೂ ಗೊತ್ತೈತಾ ಅಂತ ಒಂದ್ಮಾತು ಕೇಳ್ಬುಡಿ.”

ನಗು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅವಳು ದಾರಿ ಬಿಟ್ಟಳು. ಅವನು ಮಾತ್ರ ಒಳಗೆ ಬರಲಿಲ್ಲ. ಏಣಿಯನ್ನು ಬೇಲಿಗೆ ಒರಗಿಸಿ, ಸೈಕಲ್ ಹತ್ತಿ ಸ್ವಿಚ್ಚಿನ ಮನೆಯಿದ್ದ ಬೂದಿಗುಡ್ಡದವರೆಗೆ ಹೋಗಿ, ಲೈನ್ ಆಫ್ ಮಾಡಿ ಬಂದು, ಬರಿಗಾಲಲ್ಲಿ ಹಟ್ಟಿಯೊಳಗಿನ ಕಂಬ ಹತ್ತಿದ. ಹೆಸರು ಓಬಳಪ್ಪ. ಅವನೂ ಗೊಲ್ಲರ ಹಟ್ಟಿಯ ಹುಡುಗನೇ, ಪಾವಗಡದ ಆಚೆ ನಿಡುಗಲ್ ಬೆಟ್ಟದ ಕೆಳಗಿನವನು ಎಂಬುದು ಅವಳಿಗೆ ಗೊತ್ತಾದದ್ದು ವಾರದ ಮೇಲೆ. ಹಾಗಿದ್ದರೆ ಪದ್ಧತಿ ಗೊತ್ತಿದ್ದೂ ಯಾಕೆ ಮೆಟ್ಟಿಕೊಂಡು ಬಂದಿರಿ ಎಂದು ಕೇಳಿಯೇಬಿಟ್ಟಳು.

“ಬೇಲಿ ಹತ್ರ ಬಿಡಾನ ಅಂತಲೇ ಬರ್ತಿದ್ದೆ. ಅಷ್ಟ್ರಲ್ಲಿ ನೀನು ಗದರಿಸ್ದೆ. ಚೆನ್ನಾಗಿತ್ತು, ಕೇಳ್ಕಂಡು ನಿಂತ್ಬುಟ್ಟೆ.”

ಹಟ್ಟಿಯ ಹುಡುಗಿಯರೆಲ್ಲ ಅವನನ್ನು ‘ಅಣ್ಣ’ ಎಂದು ಕರೆಯುತ್ತಿದ್ದರು. ಅಂದಿನಿಂದ ಹೊನ್ನಕ್ಕ ಒಬ್ಬಳು ಮಾತ್ರ ‘ಲೈನ್‌ಮನ್ನು’ ಎನ್ನತೊಡಗಿದಳು. ಯಾರೂ ಗಮನಿಸಲಿಲ್ಲವೆಂದು ಅವಳು ಅಂದುಕೊಂಡಿದ್ದಳು. ಅವನು ಗಮನಿಸಿದ್ದ.

ಅದು ಎಂಬತ್ತೊಂದರ ಬೇಸಿಗೆ. ಶಿರಾಕ್ಕೂ ಮಧುಗಿರಿಗೂ ನಡುವೆ, ದೊಡ್ಡ ಲೈನು ಮುಟ್ಟದೆ ಉಳಿದಿದ್ದ ಊರುಗಳವರು ಸೇರಿ ಕಟ್ಟಿಕೊಂಡ ಸಂಘ. ಕಂಬದ ಗುಂಡಿಗಳನ್ನು ಊರವರೇ ತೋಡಿದ್ದರು. ಒಂದು ಬಲ್ಬಿನವನಿಗೂ ಎರಡು ಪಂಪ್‌ಸೆಟ್ಟಿನವನಿಗೂ ಅಲ್ಲಿ ಒಂದೇ ಓಟು.

ಆ ವರ್ಷದ ಸಂಘದ ಸಭೆಯಲ್ಲಿ ಹೊನ್ನಕ್ಕ ಹಿಂದಿನ ಸಾಲಿನಿಂದ ಎದ್ದು ನಿಂತಳು. ಎದ್ದ ಮೇಲೆ ಯಾಕಾದರೂ ಎದ್ದೆನೋ ಅನ್ನಿಸಿತು. ಆದರೂ ಹೇಳಿದಳು. ತಮ್ಮ ಹಟ್ಟಿಯಲ್ಲಿ ತಿಂಗಳ ಮುಟ್ಟಿನ ದಿನಗಳಲ್ಲಿ ಹೆಂಗಸರು ಬೇಲಿಯಾಚೆಯ ಗುಡಿಸಲಲ್ಲಿ ಇರಬೇಕು. ಹೋದ ವರ್ಷ ಅಲ್ಲಿ ಕತ್ತಲಲ್ಲಿ ಚಿಕ್ಕಮ್ಮ ಕರಿಯಕ್ಕನಿಗೆ ಚೇಳು ಕಡಿದಿತ್ತು. ಆ ಗುಡಿಸಲಿಗೆ ಒಂದು ಬಲ್ಬು ಬೇಕು.

ಗಂಡಸರೆಲ್ಲ ನೆಲ ನೋಡಿದರು. ಗುಡಿಸಲಿಗೆ ಮನೆ ನಂಬರಿಲ್ಲ, ಯಜಮಾನನಿಲ್ಲ, ಮೀಟರು ಯಾರ ಹೆಸರಿಗೆ ಎಂದು ಒಬ್ಬರು ಗೊಣಗಿದರು. ಸಂಘದ ಅಧ್ಯಕ್ಷ ರೇಣುಕಯ್ಯನವರು, ಸದಸ್ಯರು ಕೈ ಎತ್ತಿದರೆ ಸಂಘದ ಹೆಸರಲ್ಲೇ ಹಾಕೋಣ ಎಂದರು. ಮೊದಲು ಎದ್ದ ಕೈ ಕೇರಿಯ ಮುದುಕಿ ಪೆದ್ದಮ್ಮನದು. ಆಮೇಲೆ ಒಂದೊಂದಾಗಿ ಉಳಿದವು.

ಓಬಳಪ್ಪ ತಂತಿ ಎಳೆಯಲು ಬಂದಾಗ ಅವನು ಏನಾದರೂ ತಮಾಷೆ ಮಾಡಿಯಾನೆಂದು ಅವಳಿಗೆ ಅಳುಕಿತ್ತು. ಅವನು ಕೇಳಿದ್ದು ಒಂದೇ ಮಾತು.

“ಕುಂತವ್ರಿಗೆ ಎಲ್ಲಿ ಕೈಗೆಟುಕ್ತೈತೆ, ನೀನೇ ತೋರ್ಸು. ಸ್ವಿಚ್ಚು ಅಲ್ಲೇ ಇಡ್ತೀನಿ.”

ಅವಳು ಗೋಡೆಯ ಕೆಳಗೆ ಬೆರಳಿಟ್ಟು ತೋರಿಸಿದಳು. ಅವನು ಆ ಬೆರಳಿನ ಗುರುತಿಗೇ ಮೊಳೆ ಹೊಡೆದ. ಮುಂದಿನ ಸಲ ಅಲ್ಲಿ ಕುಳಿತಾಗ ಸ್ವಿಚ್ಚು ಒತ್ತಿದಳು. ಗುಡಿಸಲಿನ ಮೂಲೆ ಮೂಲೆಯೂ ಕಂಡಿತು. ಇಷ್ಟು ವರ್ಷ ಈ ನೆಲವನ್ನು ಕೈಯಿಂದ ತಡವಿ ಬಲ್ಲೆನೇ ಹೊರತು ನೋಡಿರಲಿಲ್ಲ ಎಂದುಕೊಂಡಳು. ಹಟ್ಟಿಯ ದೇವರಿಗೆ ಕೈ ಮುಗಿದಳು. ಮುಗಿಯುವಾಗ ಕಣ್ಣ ಮುಂದೆ ಬಂದದ್ದು ದೇವರ ಮುಖವಲ್ಲ.

*

ಆ ಕಡೆ ಟೆಲಿಫೋನು ಇರಲಿಲ್ಲ. ಕರೆಂಟು ಹೋದಾಗ ಯಾವ ಊರಲ್ಲಿ ಏನಾಗಿದೆಯೆಂದು ತಿಳಿಯಲು ಓಬಳಪ್ಪ ಒಂದು ಉಪಾಯ ಮಾಡಿದ್ದ. ಲೈನು ಟ್ರಿಪ್ ಆದರೆ ಪ್ರತಿ ಊರಿನವರೂ ತಮ್ಮ ಪಂಪುಗಳನ್ನು ನಿಲ್ಲಿಸಿ, ತಂತಿಯ ಹತ್ತಿರ ಯಾರೂ ಇಲ್ಲವೆಂದು ನೋಡಿಕೊಂಡು, ಊರ ಬಾಗಿಲ ಗಳುವಿನ ತುದಿಗೆ ಹಗ್ಗದಲ್ಲಿ ಲಾಟೀನು ಏರಿಸಬೇಕು. ಗುಡ್ಡದ ಮೇಲಿನ ಸ್ವಿಚ್ಚಿನ ಮನೆಯಿಂದ ಅವನು ನೋಡುತ್ತಾನೆ. ಎಲ್ಲ ಲಾಟೀನೂ ಕಂಡ ಮೇಲೇ ಕರೆಂಟು ಬಿಡುತ್ತಾನೆ. ಹಗಲಾದರೆ ಬಿಳಿ ಬಟ್ಟೆ.

ಹಟ್ಟಿಯ ಲಾಟೀನು ಹೊನ್ನಕ್ಕನ ಪಾಲಿನ ಕೆಲಸ. ಎಲ್ಲರಿಗಿಂತ ಮೊದಲು ಅವಳದೇ ಏರುತ್ತಿತ್ತು.

“ಕರೆಂಟು ಹೋಗೋದನ್ನೇ ಕಾಯ್ತಿರ್ತೀಯಾ?” ಎಂದು ಒಮ್ಮೆ ಅವನು ಕೇಳಿದ.

“ನೀವು ಬೇಕಂತಲೇ ತೆಗಿತೀರೇನೋ, ಯಾರಿಗ್ಗೊತ್ತು.”

“ಔನಾ? ಅಂಗಾದ್ರೆ ದಿನಾ ತೆಗಿತೀನಿ.”

ಅವನ ಬಾಯಲ್ಲಿ ಆಗಾಗ ಇಣುಕುವ ತೆಲುಗನ್ನು ಅವಳು ಅಣಕಿಸುತ್ತಿದ್ದಳು. ಮನೆಯಲ್ಲಿ ಒಬ್ಬಳೇ ಇದ್ದಾಗ ‘ಔನಾ’ ಎಂದು ತಾನೇ ಹೇಳಿಕೊಂಡು ನೋಡುತ್ತಿದ್ದಳು.

ಎರಡು ವರ್ಷ ಹೀಗೆ ಕಳೆಯಿತು. ಆಗ ಬಂತು ಸುದ್ದಿ. ಸಣ್ಣ ಸಂಘಗಳನ್ನೆಲ್ಲ ಸರ್ಕಾರದ ವಿದ್ಯುತ್ ಮಂಡಳಿಗೆ ಸೇರಿಸಬೇಕೆಂಬ ಯೋಚನೆ ನಡೆದಿದೆಯಂತೆ. ಸೇರಿದರೆ ಹಳ್ಳಿಯವರ ಓಟೂ ಇಲ್ಲ, ಸಭೆಯೂ ಇಲ್ಲ. ನಂಬರಿಲ್ಲದ ಗುಡಿಸಲಿನ ದೀಪ ನಿಯಮದಲ್ಲಿ ನಿಲ್ಲುವುದಿಲ್ಲ.

ಅದೇ ವಾರ ಅಪ್ಪ ಮಾರಣ್ಣ ಊಟಕ್ಕೆ ಕೂತಾಗ ಮಾತು ತೆಗೆದರು. ಮಗಳ ಮನಸ್ಸು ಅವರಿಗೆ ಗೊತ್ತಿಲ್ಲದೆ ಇರಲಿಲ್ಲ. ಸಂಘದ ಸಂಬಳ ಇವತ್ತು ಉಂಟು, ನಾಳೆ ಇಲ್ಲ. ಮಂಡಳಿ ಸೇರಿದರೆ ಲೈನ್‌ಮನ್ನುಗಳನ್ನು ಸರ್ಕಾರಿ ನೌಕರರನ್ನಾಗಿ ತೆಗೆದುಕೊಳ್ಳುತ್ತಾರಂತೆ.

“ಆ ಹುಡುಗ ಮಂಡಳಿ ನೌಕರ ಆಗ್ಲಿ, ನಾನೇ ಅವ್ರ ಹಟ್ಟಿಗೆ ಹೋಗಿ ಮಾತಾಡ್ತೀನಿ. ಅಲ್ಲಿಗಂಟ ಆ ವಿಷ್ಯ ಬ್ಯಾಡ.”

ಹೊನ್ನಕ್ಕನ ಕೈಯಲ್ಲಿ ಮುದ್ದೆ ಹಾಗೇ ಉಳಿಯಿತು. ಸಂಘ ಹೋದರೆ ಮದುವೆ. ಸಂಘ ಉಳಿದರೆ ಗುಡಿಸಲಿನ ದೀಪ.

ಮರುದಿನ ಬೆಳಿಗ್ಗೆ ಅವಳು ಪೆದ್ದಮ್ಮನ ಜೊತೆ ಹೊರಟಳು. ಊರೂರು ತಿರುಗಿ ಹೆಂಗಸರನ್ನು ಜಗಲಿಯ ಮೇಲೆ ಕೂರಿಸಿ ಮಾತಾಡಿದರು. ಮಧುಗಿರಿಗೆ ಬಂದಿದ್ದ ಶಾಸಕರನ್ನು ಪ್ರವಾಸಿ ಮಂದಿರದ ಮುಂದೆ ಅಡ್ಡಗಟ್ಟಿ, ತೀರ್ಮಾನ ಮಾಡುವವರು ಒಮ್ಮೆ ಬಂದು ಕಣ್ಣಾರೆ ನೋಡಲಿ ಎಂದು ಕೇಳಿದರು. ಮಾತಾಡಿ ಬಂದಾಗಲೆಲ್ಲ ಅವಳಿಗೆ ಸಂಕಟ. ಹೇಳಿದ್ದು ಹೆಚ್ಚಾಯಿತೇ, ಕಡಿಮೆಯಾಯಿತೇ? ಒಂದು ಊರು ತಮ್ಮ ಕಡೆಗೆ ಬಂದರೆ ಮದುವೆ ಅಷ್ಟು ದೂರ ಸರಿಯಿತು. ಇದನ್ನು ಅವನಿಗೆ ಹೇಗೆ ಹೇಳುವುದು?

ಹೇಳಬೇಕಾಗಲಿಲ್ಲ. ಒಂದು ಸಂಜೆ ಪೆದ್ದಮ್ಮನನ್ನು ಕೇರಿಗೆ ಬಿಟ್ಟು ಒಬ್ಬಳೇ ಬರುತ್ತಿದ್ದಾಗ ಅವನು ಸೈಕಲ್ ಇಳಿದು ಪಕ್ಕದಲ್ಲಿ ನಡೆದ. ಮಾರಣ್ಣನವರ ಮಾತು ಅವನ ಕಿವಿಗೂ ಬಿದ್ದಿತ್ತು.

“ನಿಮ್ಗೆ ಸಿಗೋ ನೌಕ್ರಿ ನಾನೇ ತಪ್ಪಿಸ್ತಿದ್ದೀನಿ,” ಎಂದಳು ಅವಳು, ನೆಲ ನೋಡುತ್ತ. “ಬೇಜಾರಿಲ್ವಾ?”

ಅವನು ಸೈಕಲ್ ತಳ್ಳುತ್ತ ನಡೆದ. ಸೈಕಲ್ಲಿನ ಚೈನು ಕಟಕಟ ಎನ್ನುತ್ತಿತ್ತು.

“ಆ ಗುಡಿಸಲಲ್ಲಿ ಸ್ವಿಚ್ಚು ಹಾಕಿ ಬಂದ ದಿನ ನಮ್ಮವ್ವನ್ನ ನೆನೆಸ್ಕಂಡೆ. ನಮ್ಮ ಹಟ್ಟೀಲಿ ಅಂಥದ್ದು ಯಾರೂ ಕೇಳಿರ್ಲಿಲ್ಲ. ನೀನು ಕೇಳ್ದೆ. ಈಗ ನೀನು ನಿಲ್ಸಿದ್ರೆ ನಾನೇ ಊರೂರಿಗೆ ಹೋಗಿ ಮಾತಾಡ್ಬೇಕಾಗ್ತೈತೆ. ನಂಗೆ ಮಾತು ಬರಲ್ಲ.”

“ಬರಲ್ವಾ? ನಿಮ್ಗಾ?”

“ನಿನ್ನ ಹತ್ರ ಮಾತ್ರ ಬರ್ತೈತೆ.”

ಅವಳು ಮುಖ ತಿರುಗಿಸಿದಳು. ಕಡಲೆಕಾಯಿ ಹೊಲದ ಮೇಲೆ ಬಿಸಿಲು ಇಳಿಯುತ್ತಿತ್ತು. ಅಳಬಾರದೆಂದುಕೊಂಡಳು, ಅತ್ತಳು. ಅವನು ನೋಡಲಿಲ್ಲವೆಂಬಂತೆ ಸೈಕಲ್ಲಿನ ಬೆಲ್ಲು ಒರೆಸುತ್ತ ನಿಂತ.

*

ಸಂಘಗಳ ವಿಷಯ ತೀರ್ಮಾನಿಸಬೇಕಿದ್ದ ಶಾಸಕರ ಸಮಿತಿಯವರು ನೋಡಲು ಬರುತ್ತೇವೆಂದರು. ರೇಣುಕಯ್ಯನವರ ಲೆಕ್ಕಾಚಾರ ಸರಳವಾಗಿತ್ತು. ಮುಸ್ಸಂಜೆಗೆ ಸಮಿತಿಯವರನ್ನು ಬೂದಿಗುಡ್ಡದ ಮೇಲೆ ಕರೆದೊಯ್ಯುವುದು, ಕೆಳಗಿನ ಊರುಗಳೆಲ್ಲ ಒಂದೇ ಸಲ ದೀಪ ಹಾಕುವುದು. ಹೊನ್ನಕ್ಕ ಊರೂರಿಗೆ ಹೋಗಿ ಹೇಳಿ ಬಂದಳು.

ಆ ಸಂಜೆ ಗುಡ್ಡದ ಮೇಲೆ ಅವಳೂ ಇದ್ದಳು, ಹೆಂಗಸರ ಪರವಾಗಿ ಮಾತಾಡಲು. ಏನು ಹೇಳಬೇಕೆಂಬುದನ್ನು ಮನಸ್ಸಿನಲ್ಲೇ ಹತ್ತಾರು ಸಲ ತಿದ್ದಿದ್ದಳು. ಸ್ವಿಚ್ಚಿನ ಮನೆಯ ಬಾಗಿಲಲ್ಲಿ ಓಬಳಪ್ಪ ನಿಂತಿದ್ದ, ಇಸ್ತ್ರಿ ಮಾಡಿದ ಅಂಗಿಯಲ್ಲಿ. ಅಂಗಿ ಹೊಸದೇ ಎಂದು ಅವಳ ಕಣ್ಣು ಕೇಳಿತು. ಅವನ ಕಣ್ಣು ಕಾಲರಿಗೆ ಹೋಗಿ ಬಂದು ಹೌದೆಂದಿತು.

ದೀಪಗಳು ಹೊತ್ತಿದವು. ಬಿಳಿಕಲ್ಲಹಳ್ಳಿ, ಜಾಲಿಗುಂಟೆ, ತೊರೆಕೇರಿ, ಆಚೆಯ ಊರುಗಳು. ಸಮಿತಿಯವರು ‘ಆಹಾ’ ಎನ್ನುವಷ್ಟರಲ್ಲಿ ಹಿಂದಿನ ಸ್ವಿಚ್ಚಿನ ಮನೆಯಿಂದ ಠಪ್ ಎಂದು ಸದ್ದಾಯಿತು. ಕೆಳಗೆಲ್ಲ ಕತ್ತಲು.

ಆದದ್ದು ಇಷ್ಟು. ಸಂಘದಲ್ಲಿ ಪಂಪುಗಳಿಗೆ ಸರದಿಯಿತ್ತು, ಎಲ್ಲ ಊರಿನವೂ ಒಟ್ಟಿಗೆ ಓಡುವಂತಿರಲಿಲ್ಲ. ಆದರೆ ತಮಗೆ ನೀರು ಕೊಟ್ಟ ಸಂಘಕ್ಕೆ ಕಷ್ಟ ಬಂದಿದೆ, ದೀಪವೊಂದೇ ಯಾಕೆ, ಬಂದವರು ನೀರು ಹರಿಯುವುದನ್ನೂ ನೋಡಲಿ ಎಂದು ಪ್ರತಿ ಊರಿನವರೂ ತಮ್ಮಷ್ಟಕ್ಕೆ ತಾವೇ ಯೋಚಿಸಿದ್ದರು. ಪಂಪುಗಳೆಲ್ಲ ಒಮ್ಮೆಗೇ ಚಾಲೂ ಆಗಿ, ಭಾರ ತಾಳದೆ ಲೈನು ಟ್ರಿಪ್ ಆಗಿತ್ತು.

“ನೀವು ತೋರಿಸಬೇಕು ಅಂದಿದ್ದು ಇದನ್ನೇನಾ?” ಎಂದರು ಸಮಿತಿಯ ಅಧ್ಯಕ್ಷರು.

ಪಂಪು ಹಾಕಬೇಡಿ ಎಂದು ತಾನು ಬಿಡಿಸಿ ಹೇಳಿರಲಿಲ್ಲವೆಂದು ಹೊನ್ನಕ್ಕನಿಗೆ ಆಗ ಹೊಳೆಯಿತು. ಅಷ್ಟರಲ್ಲಿ ಜಾಲಿಗುಂಟೆಯ ಕಡೆ ಒಂದು ಕೆಂಪು ಚುಕ್ಕೆ ಮೇಲೇರಿತು. ಆಮೇಲೆ ತೊರೆಕೇರಿಯದು. ಆಮೇಲೆ ಇನ್ನೊಂದು.

ಅದೇನೆಂದು ಸಮಿತಿಯ ಅಧ್ಯಕ್ಷರು ಕೇಳಿದರು. ಅವಳು ವಿವರಿಸಿದಳು. ಹೇಳುತ್ತ ಹೇಳುತ್ತ ಎಣಿಸಿ ನೋಡಿದಳು. ಎಲ್ಲ ಏರಿದ್ದವು. ತನ್ನ ಹಟ್ಟಿಯದೊಂದು ಬಿಟ್ಟು. ತಾನಿಲ್ಲದಾಗ ಯಾರು ಏರಿಸಬೇಕೆಂದು ಹೇಳಿ ಬರುವುದನ್ನೇ ಮರೆತಿದ್ದಳು.

ಕಾದರು. ಚಳಿಗಾಳಿ ಬೀಸುತ್ತಿತ್ತು. ಸಮಿತಿಯ ಜೊತೆ ಬಂದಿದ್ದ ಅಧಿಕಾರಿಯೊಬ್ಬರು ಗಡಿಯಾರ ನೋಡಿಕೊಂಡು, ಒಂದು ಹಟ್ಟಿ ತಾನೇ, ಸ್ವಿಚ್ ಹಾಕಿಬಿಡಪ್ಪ ಎಂದರು.

“ಹಾಕಕ್ಕಾಗಲ್ಲ ಸ್ವಾಮಿ,” ಎಂದ ಓಬಳಪ್ಪ. “ಅಲ್ಲಿ ಯಾರ್ದಾದ್ರೂ ಕೈ ತಂತಿ ಮೇಲಿದ್ರೆ?”

“ಸಮಿತಿ ಅಧ್ಯಕ್ಷರೇ ಹೇಳಿದರೂ ಹಾಕೋದಿಲ್ವಾ?”

“ಮಂತ್ರಿಗಳೇ ಹೇಳಿದ್ರೂ ಇಲ್ಲ. ಆ ಲಾಟೀನು ಏರ್ಬೇಕು.”

ಮಂಡಳಿಯ ನೌಕರಿ ಅಲ್ಲೇ ಗಾಳಿಗೆ ಹೋಯಿತೆಂದು ಹೊನ್ನಕ್ಕನಿಗೆ ಅನ್ನಿಸಿತು. ಆದರೂ ಎದೆ ತುಂಬಿ ಬಂತು. ಅವನು ಅವಳ ಕಡೆ ನೋಡಲೂ ಇಲ್ಲ. ಅವನ ಕಣ್ಣು ಹಟ್ಟಿಯ ದಿಕ್ಕಿನ ಕತ್ತಲಲ್ಲೇ ಇತ್ತು.

ಕೊನೆಗೆ ಏರಿತು. ಅರ್ಧಕ್ಕೆ ನಿಂತು, ಜಾರಿ, ಮತ್ತೆ ಏರಿತು. ಹಗ್ಗ ಹಿಡಿದು ಅಭ್ಯಾಸವಿಲ್ಲದ ಯಾರದೋ ಕೈ. ಓಬಳಪ್ಪ ಸ್ವಿಚ್ ಎಳೆದ. ಗುಡ್ಡದ ಕೆಳಗೆ ಊರಿನ ಹಿಂದೆ ಊರು ಬೆಳಗಿತು.

ಸಮಿತಿಯ ಅಧ್ಯಕ್ಷರು ಬಹಳ ಹೊತ್ತು ನೋಡುತ್ತ ನಿಂತರು. ಆಮೇಲೆ ಹಟ್ಟಿಯ ಕಡೆ ಕೈ ತೋರಿಸಿ, ಬೇಲಿಯಾಚೆ ಒಂಟಿಯಾಗಿ ಉರಿಯುತ್ತಿರುವುದು ಯಾರ ಮನೆ ಎಂದು ಕೇಳಿದರು. ತಿದ್ದಿಟ್ಟುಕೊಂಡಿದ್ದ ಮಾತುಗಳೆಲ್ಲ ಹೊನ್ನಕ್ಕನಿಗೆ ಮರೆತುಹೋದವು.

“ಮನೆ ಅಲ್ಲ ಸ್ವಾಮಿ. ನಮ್ಮ ಹೆಣ್ಮಕ್ಳು ಮುಟ್ಟಾದಾಗ ಕೂರೋ ಗುಡಿಸಲು. ಅದ್ಕೆ ನಂಬರಿಲ್ಲ. ಸಂಘದೋರು ಕೈ ಎತ್ತಿ ದೀಪ ಕೊಟ್ರು. ಬ್ಯಾರೆ ಯಾರೂ ಕೊಡ್ತಿರ್ಲಿಲ್ಲ. ನಾನು ಹೇಳಕ್ಕೆ ಬಂದಿದ್ದು ಇಷ್ಟೇ.”

ಜೀಪು ಹತ್ತುವಾಗ ಅಧ್ಯಕ್ಷರು ರೇಣುಕಯ್ಯನವರ ಕೈ ಹಿಡಿದು, ಈ ಸಂಘ ಹೀಗೇ ಇರಲಿ ಎಂದೇ ನಾನು ಹೇಳುತ್ತೇನೆ ಎಂದರು.

*

ಹೊನ್ನಕ್ಕ, ಓಬಳಪ್ಪ ಇಬ್ಬರೂ ಗುಡ್ಡ ಇಳಿದು ಹಟ್ಟಿಗೆ ಬಂದಾಗ ಮಾರಣ್ಣ ಬೇಲಿಯೊಳಗಿನ ಗಳುವಿನ ಬುಡದಲ್ಲಿ ಕೂತಿದ್ದರು. ತಲೆಯ ಮೇಲೆ ಲಾಟೀನು ಇನ್ನೂ ಉರಿಯುತ್ತಿತ್ತು. ಅವರು ಮಗಳನ್ನು ನೋಡಲಿಲ್ಲ, ಓಬಳಪ್ಪನನ್ನು ನೋಡಿದರು.

“ನಮ್ಮ ಪಂಪಿನ ಸ್ಟಾರ್ಟ್ರು ಕಚ್ಕಂಡಿತ್ತು ಕಣಪ್ಪ, ಆಫಾಗ್ಲಿಲ್ಲ. ಕತ್ಲಲ್ಲಿ ಕೈಯಾಗೇ ತಂತಿ ಬಿಚ್ತಿದ್ದೆ. ಬಿಚ್ಚೋವಾಗ ನೋಡ್ತೀನಿ, ಎಲ್ಲಾ ಊರಿನ ಲಾಟೀನೂ ಏರ್ಬುಟ್ಟವೆ. ಇನ್ನೇನು ಬಿಡ್ತಾನೆ, ನನ್ನ ಕಥೆ ಮುಗೀತು ಅಂದ್ಕಂಡೆ.” ತಲೆಯೆತ್ತಿ ಲಾಟೀನು ನೋಡಿದರು. “ನೀನು ಬಿಡ್ಲಿಲ್ಲ.”

ಹೊನ್ನಕ್ಕ ಅಪ್ಪನ ಕೈಯನ್ನು ತನ್ನೆರಡು ಕೈಯಲ್ಲಿ ಹಿಡಿದುಕೊಂಡಳು. ಬೆಚ್ಚಗಿತ್ತು.

“ಸಂಘದ ಸಂಬ್ಳ ಎಷ್ಟಾದ್ರೂ ಇರ್ಲಿ ಬುಡು,” ಎಂದರು ಮಾರಣ್ಣ, ಎದ್ದು ಪಂಚೆ ಕೊಡವುತ್ತ. “ಈ ಲಾಟೀನು ಹೆಂಗೋ ಏರ್ಸ್ದೆ, ಇಳ್ಸಕ್ಕೆ ಬರ್ತಿಲ್ಲ. ಹಗ್ಗ ಸಿಕ್ಕಾಕ್ಕಂಡೈತೆ. ನೀನೇ ಒಳಕ್ಕೆ ಬಂದು ಇಳ್ಸು. ಊಟ ಮಾಡ್ಕಂಡು ಹೋಗು. ನಾಳಿದ್ದು ನಾನು ನಿಡುಗಲ್ಲಿಗೆ ಬರ್ತೀನಿ, ನಿಮ್ಮವ್ವಂಗೆ ಹೇಳು.”

ಅವರು ಹಿಂತಿರುಗಿ ನೋಡದೆ ಒಳಗೆ ನಡೆದರು.

ಬೇಲಿಯ ಬಾಗಿಲಲ್ಲಿ ಓಬಳಪ್ಪ ಸೈಕಲ್ ಹಿಡಿದುಕೊಂಡೇ ನಿಂತಿದ್ದ, ಕೇಳಿದ್ದನ್ನು ನಂಬಲಾಗದವನ ಹಾಗೆ. ಎಷ್ಟೋ ಸಂಜೆ ಈ ಲಾಟೀನಿನ ಚುಕ್ಕೆಯನ್ನು ದೂರದಿಂದ ನೋಡಿದವನು, ಈಗ ಅದರ ಕೆಳಗೇ ಇದ್ದ. ಬೆಳಕು ಅವನ ಇಸ್ತ್ರಿ ಅಂಗಿಯ ಮೇಲೆ, ಅವಳ ಒದ್ದೆ ಕಣ್ಣಿನ ಮೇಲೆ ಅಲುಗುತ್ತಿತ್ತು. ಹೊನ್ನಕ್ಕ ಬಾಗಿಲಿಗೆ ಬಂದು, ಮೊದಲ ದಿನ ನಿಂತಿದ್ದ ಜಾಗದಲ್ಲೇ ನಿಂತು, ಅವನ ಕಾಲು ನೋಡಿದಳು, ಆಮೇಲೆ ಮುಖ ನೋಡಿದಳು.

“ಚಪ್ಪಲಿ ಬುಟ್ಟು ಒಳಕ್ಕೆ ಬಾ,” ಎಂದಳು.