ಅಣ್ಣ ಎಳೆದ ಬಿಳಿ ಗೆರೆ

“ರಿಪೇರಿ, ನಿನ್ನ ಎಂಜಿನ್ ಮತ್ತೆ ನಡುಗ್ತಿದೆ ನೋಡು!”

ಶನಿವಾರ ಮಧ್ಯಾಹ್ನ. ಗ್ಯಾರೇಜಿನ ಬಾಗಿಲಲ್ಲಿ ಕಾರು ನಿಲ್ಲಿಸಿ, ಸೊಂಟಕ್ಕೆ ಕೈಯಿಟ್ಟು ಅವಳು ನಿಂತಿದ್ದಳು. ರಿಪೇರಿ ಅನ್ನುವುದು ನನಗೆ ಅವಳಿಟ್ಟ ಹೆಸರು. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ, ಹಾಗಾಗಿ ನಾನಿಟ್ಟ ಹೆಸರು ಕನ್ನಡಕ.

“ನನ್ನ ಎಂಜಿನ್ ಅಲ್ಲಮ್ಮಾ ಕನ್ನಡಕ, ನಿಮ್ಮಣ್ಣಂದು,” ಎಂದೆ.

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವಳಣ್ಣ, ನನ್ನ ಜೀವದ ಗೆಳೆಯ, ತೀರಿಹೋಗಿ ಎರಡು ವರ್ಷ. ಈ ಎಂಜಿನ್ ಬಿಚ್ಚಿ ಹರಡಿಕೊಂಡಿದ್ದಾಗಲೇ ಕಾಯಿಲೆ ಬಿದ್ದ. ಜೋಡಿಸಲು ಅವನು ಉಳಿಯಲಿಲ್ಲ. ಜೋಡಿಸಿದವನು ನಾನು, ಎರಡು ತಿಂಗಳ ಹಿಂದೆಯಷ್ಟೇ.

ಪಿಸ್ಟನ್, ಬೇರಿಂಗ್ ಎಲ್ಲ ಹೊಸದು. ಹಾರ್ಮೋನಿಕ್ ಬ್ಯಾಲೆನ್ಸರ್ ಒಂದು ಮಾತ್ರ ಹಳೆಯದು. ಎಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕ್ ದಂಡದ ಮುಂತುದಿಯಲ್ಲಿ ಕೂರುವ ಕಬ್ಬಿಣದ ಚಕ್ರ ಅದು. ಒಳಗಿನ ಚಕ್ರಕ್ಕೂ ಹೊರಗಿನ ಬಳೆಗೂ ನಡುವೆ ರಬ್ಬರ್ ಇರುತ್ತದೆ. ಕ್ರ್ಯಾಂಕಿನ ನಡುಕವನ್ನು ಅದು ನುಂಗಿಕೊಳ್ಳುತ್ತದೆ. ಹೊರಬಳೆಯ ಮೇಲೊಂದು ಟೈಮಿಂಗ್ ಗುರುತು, ಪ್ಲಗ್ಗಿನ ಕಿಡಿ ಯಾವ ಕ್ಷಣಕ್ಕೆ ಹಾರಬೇಕೆಂದು ಕೂರಿಸಲು. ಆ ಗುರುತಿನ ಮೇಲೆ ಅವಳಣ್ಣ ಕೈಯಾರೆ ಬಿಳಿ ಗೆರೆ ಎಳೆದಿದ್ದ.

ಹೊಸದನ್ನು ಆರಿಸಲು ನಾನೂ ಅವಳೂ ಸ್ಪೇರ್‌ಪಾರ್ಟ್ಸ್ ಅಂಗಡಿಗೆ ಹೋಗಿದ್ದೆವು. ರೇಸಿನವರು ಹಾಕಿಸುವ ಥಳಥಳಿಸುವಂಥದ್ದು ಒಂದಿತ್ತು, ರಸ್ತೆಯ ಕಾರಿಗೆ ತಕ್ಕ ಸಾದಾದು ಇನ್ನೊಂದು. ಸಾದಾದನ್ನೇ ತಂದೆವು. ಹಾಕುವ ಹೊತ್ತಿಗೆ ಅವಳು ಹಳೆಯದರ ಗೆರೆಯ ಮೇಲೆ ಬೆರಳಿಟ್ಟಳು.

“ಇದೇ ಇರಲಿ ಕಣೋ. ಇದೊಂದರಲ್ಲೇ ಅಣ್ಣನ ಕೈ ಕಾಣ್ಸೋದು.”

ಮೆಕ್ಯಾನಿಕ್ ಆದವನು ರಬ್ಬರ್ ನೋಡಿ ಆರಿಸಬೇಕು. ನಾನು ಅವಳ ಮುಖ ನೋಡಿ ಆರಿಸಿದೆ.

ಎರಡನೇ ಶನಿವಾರವೇ ತಪ್ಪು ಗೊತ್ತಾಯಿತು. ರಬ್ಬರ್ ಸತ್ತು ಬಳೆ ಜಾರಿತ್ತು. ಗೆರೆ ಸುಳ್ಳು ಜಾಗ ತೋರಿಸುತ್ತಿತ್ತು, ಅದನ್ನು ನಂಬಿ ನಾನು ಟೈಮಿಂಗ್ ಕೂರಿಸಿದ್ದೆ. ಹೊಸದು ಬೆಂಚಿನ ಕೆಳಗೆ ಡಬ್ಬಿಯಲ್ಲೇ ಇತ್ತು. ಆದರೂ ಬಾಯಿ ಬಿಡಲಿಲ್ಲ. ಪ್ಲಗ್ ಒರೆಸಿದೆ, ಕಾರ್ಬ್ಯುರೇಟರ್ ಕೆದಕಿದೆ, “ಮುಂದಿನ ವಾರ ನೋಡೋಣ” ಎಂದೆ. ಊರೊಳಗೆ ನಿಧಾನ ಓಡುವ ಗಾಡಿ, ಏನಾಗುತ್ತೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಶನಿವಾರ ಬಂದರೆ ಅವಳು ಹಳೇ ಟಯರಿನ ಮೇಲೆ ಕೂತು, ಚಹಾದ ಲೋಟ ತುಟಿಗಿಟ್ಟು, ನನ್ನ ಕೆನ್ನೆಯ ಗ್ರೀಸ್ ನೋಡಿ ಕಣ್ಣಲ್ಲೇ ನಗುತ್ತಿದ್ದಳು. ಆ ನಗುವಿಗೆ ನಾನು ಆಸೆಬುರುಕನಾಗಿದ್ದೆ.

ಇವತ್ತು ಅವಳು ಕೂರಲೂ ಇಲ್ಲ.

“ನಾಳೆ ಊರು ಬಿಡ್ತಿದೀನಿ. ಚಿಕ್ಕಮ್ಮ ಅವಳೂರಲ್ಲಿ ಅಂಗಡಿ ನೋಡಿಟ್ಟಿದಾಳೆ, ನನ್ನದೇ ಅಂಗಡಿ. ಹತ್ತು ಗಂಟೆ ದಾರಿ. ಈ ಗಾಡಿ ತಡೆಯುತ್ತೇನೋ?”

ಹೆದ್ದಾರಿಯಲ್ಲಿ ಆ ಬಳೆ ಕಳಚಿ ಹಾರಿದರೆ ಎಂಜಿನ್ ಹಾಳಾಗಿ ಹೋಗಲಿ, ಅವಳ ಗತಿ?

“ತಡೆಯಲ್ಲ,” ಎಂದು ಎಲ್ಲವನ್ನೂ ಹೇಳಿಬಿಟ್ಟೆ.

“ಎಷ್ಟು ದಿನದಿಂದ ಗೊತ್ತು?”

“ಐದು ವಾರ.”

“ಯಾಕೋ ಹೇಳ್ಲಿಲ್ಲ?”

“ಗಾಡಿ ಸರಿಹೋದ್ರೆ ನೀನು ಬರಲ್ಲ ಅಂತ. ನೀನಂದ್ರೆ ನಂಗೆ... ತುಂಬಾ ವರ್ಷದಿಂದ ಕಣೇ.”

ಅವಳು ನನ್ನತ್ತ ತಿರುಗಿದಳು. ಕಣ್ಣು ತುಂಬಿ ಬಂತು.

“ಬಾ ಅಂತ ಒಂದು ಮಾತು ಅಂದಿದ್ರೆ ಬರ್ತಿರ್ಲಿಲ್ವಾ ನಾನು? ಆ ಮಾತಿಗೆ ಕಾದು ಕಾದು ಸಾಕಾಗಿ, ಹೋದ ವಾರ ಚಿಕ್ಕಮ್ಮಂಗೆ ಹೂಂ ಅಂದೆ.”

“ಈಗ ಅಂತಿದೀನಲ್ಲ. ಹೋಗ್ಬೇಡ.”

“ಅಣ್ಣನ ಗೆರೆ ಅಂತ ನಂಬ್ಕೊಂಡಿದ್ದೆ ನಾನು. ಅದು ಸುಳ್ಳು ಜಾಗ ತೋರಿಸ್ತಿದೆ ಅಂತ ಗೊತ್ತಿದ್ದೂ ನೀನು ಸುಮ್ನಿದ್ದೆ. ಇನ್ಮೇಲೆ ನೀನು ‘ಎಲ್ಲ ಸರಿಯಿದೆ’ ಅಂದಾಗೆಲ್ಲ ನಂಗೆ ಅನುಮಾನ ಬರುತ್ತೆ ಕಣೋ. ಹಾಗೆ ಬದುಕೋಕೆ ನನ್ನಿಂದ ಆಗಲ್ಲ.”

ಬೆಂಚಿನ ಕೆಳಗಿಂದ ಡಬ್ಬಿ ಎಳೆದೆ. ಪುಲ್ಲರ್ ಹಾಕಿ ಹಳೆಯದನ್ನು ಬಿಡಿಸಿ, ಹೊಸದನ್ನು ಕೂರಿಸಿ, ಬೋಲ್ಟ್ ಬಿಗಿದೆ. ಕೇಳುವ ಮೊದಲೇ ಅವಳು ಸ್ಪ್ಯಾನರ್ ಎತ್ತಿ ಕೊಡುತ್ತಿದ್ದಳು. ಬೆರಳು ತಾಗಿದರೂ ಸರಿಸಲಿಲ್ಲ. ಕೊನೆಗೆ ಬಿಳಿ ಬಣ್ಣ ಕೇಳಿ ಇಸಿದುಕೊಂಡು, ಬಗ್ಗಿ, ಹೊಸ ಗುರುತಿನ ಮೇಲೆ ತಾನೇ ಗೆರೆ ಎಳೆದಳು. ಕೈ ಒಂಚೂರೂ ಅಲುಗಲಿಲ್ಲ.

ಆ ಗೆರೆಗೆ ಟೈಮಿಂಗ್ ಕೂರಿಸಿದೆ. ಎಂಜಿನ್ ಸಣ್ಣಗೆ ಗುನುಗಿತು.

“ಈಗ ಸರಿಯಿದ್ಯಾ?”

“ಸರಿಯಿದೆ.”

“ನಿಜವಾಗ್ಲೂ?”

“ನಿಜವಾಗ್ಲೂ.”

ಹಳೆಯ ಬ್ಯಾಲೆನ್ಸರನ್ನು ಸೆರಗಿನ ತುದಿಯಲ್ಲಿ ಒರೆಸಿ ಪಕ್ಕದ ಸೀಟಿನಲ್ಲಿಟ್ಟುಕೊಂಡಳು. ನನ್ನ ಕೆನ್ನೆಯ ಗ್ರೀಸನ್ನು ಹೆಬ್ಬೆರಳಲ್ಲಿ ಒರೆಸಿದಳು. ನಗಲು ನೋಡಿದಳು, ಆಗಲಿಲ್ಲ. ಕಾರು ಹತ್ತಿ ಹೊರಟಳು.

ಬೇರೆ ಶನಿವಾರಗಳಲ್ಲಿ ಕಾರು ತಿರುವು ದಾಟಿದ ಮೇಲೂ ಅದರ ನಡುಕದ ಸದ್ದು ಕೇಳುತ್ತಿತ್ತು. ಆ ಸದ್ದು ಕರಗುವವರೆಗೂ ಬಾಗಿಲಲ್ಲೇ ನಿಲ್ಲುತ್ತಿದ್ದೆ. ಇವತ್ತೂ ಕಿವಿಗೊಟ್ಟು ನಿಂತೆ. ತಿರುವಿಗೆ ಮೊದಲೇ ಏನೂ ಕೇಳಿಸದಾಯಿತು. ನನ್ನ ಕೈಯಲ್ಲಿ ಇಷ್ಟು ಚೆನ್ನಾಗಿ ಯಾವ ಕೆಲಸವೂ ಆಗಿರಲಿಲ್ಲ.