ಎರಡು ಗುಂಡಿಯ ಬೊಂಬೆ

"ಮಡಕೆ ಎಲ್ಲಾನೂ ಅಂಟಿಸು, ಬೊಂಬೆ ಬೇಡ. ಈ ಹೆಣ್ಣುಬೊಂಬೆಯ ಸೊಂಟ ಅಂತೂ ಕೂಡಿಸಲೇಬೇಡ," ಎಂದು ಮಣ್ಣಮ್ಮ ಹೇಳಿದಾಗ ಅಂಟುಮಾಸ್ತರ ಕಿಸಕ್ಕನೆ ನಕ್ಕುಬಿಟ್ಟ. ಮ್ಯೂಸಿಯಮ್ಮಿಗೆ ಹೊಸದಾಗಿ ಸೇರಿದವನು ಅವನು. ಒಡೆದ ಮಡಕೆ, ಮುರಿದ ಬೊಂಬೆಗಳನ್ನು ಜೋಡಿಸುವುದೇ ಅವನ ಕಸುಬು. ಅಂಥವನಿಗೆ ಕೂಡಿಸಬೇಡ ಅನ್ನುವುದು, ದರ್ಜಿಗೆ ಹೊಲಿಯಬೇಡ ಅಂದ ಹಾಗೆ.

ಮಣ್ಣಮ್ಮ ಸಾಮಾನ್ಯದವರಲ್ಲ. ಲೋಹವನ್ನೇ ಕಾಣದ ಕಾಲದ ಒಂದು ಊರನ್ನು ನೆಲದೊಳಗಿಂದ ಅಗೆದು ತೆಗೆದ ಪಂಡಿತೆ. ದುಂಡನೆಯ ಮಣ್ಣಿನ ಮನೆಗಳು, ಗೋಡೆಯ ಮೇಲೆ ಕೆಮ್ಮಣ್ಣಿನ ಕೈಗುರುತುಗಳು, ಪ್ರತಿ ಹೊಸ್ತಿಲಿನ ಪಕ್ಕದಲ್ಲೂ ಒಂದು ಸುಟ್ಟಮಣ್ಣಿನ ಬೊಂಬೆ. ಒಂದೂ ಇಡಿಯಾಗಿರಲಿಲ್ಲ. ಒಂದರ ಮೊಣಕಾಲು, ಇನ್ನೊಂದರ ತೋಳು, ಬೇಕೆಂದೇ ಮುರಿದವು. ಈ ಹೆಣ್ಣುಬೊಂಬೆಯದಂತೂ ಇನ್ನೂ ವಿಚಿತ್ರ. ಸೊಂಟದ ಮೇಲಿನ ಭಾಗ ಊರಿನ ಒಂದು ತುದಿಯ ಗುಂಡಿಯಲ್ಲಿ ಸಿಕ್ಕಿತ್ತು, ಕೆಳಗಿನದು ಮತ್ತೊಂದು ತುದಿಯ ಗುಂಡಿಯಲ್ಲಿ. ಎರಡರ ಮೇಲೂ ಆಳೆತ್ತರದ ಚಪ್ಪಡಿ ಹೇರಿದ್ದರು.

"ನೋವಿರೋರ ಕೈಗೆ ಬೊಂಬೆ ಕೊಡ್ತಿದ್ರು," ಎಂದರು ಮಣ್ಣಮ್ಮ. "ಮಂತ್ರ ಹಾಕಿ, ನೋವನ್ನ ಅದರೊಳಗೆ ಇಳಿಸಿ, ಅವರ ಕೈಯಲ್ಲಿರೋವಾಗಲೇ ಮುರೀತಿದ್ರು. ಮುರಿದದ್ದೇ ಬೀಗ. ಕೂಡಿಸಿದ್ರೆ ಬೀಗ ತೆಗೆದ ಹಾಗೆ. ಕೂಡಿಸೋವಾಗ ಯಾರು ಹಿಡ್ಕೊಂಡಿರ್ತಾರೋ ಅವರ ಮೈಗೆ ಬರುತ್ತೆ."

"ಹಾಗಾದ್ರೆ ನನ್ನನ್ನ ಬೀಗ ರಿಪೇರಿಯವನು ಅನ್ನಿ."

ಮಣ್ಣಮ್ಮ ನಗಲಿಲ್ಲ. ಸದಾ ಶಾಲಿನೊಳಗೇ ಇರುತ್ತಿದ್ದ ಎಡಗೈಯನ್ನು ಹೊರಗೆಳೆದು ಮೇಜಿನ ಮೇಲಿಟ್ಟರು. ಒಣಗಿದ ಕೊಂಬೆಯಂತಿದ್ದ ಕೈ. "ಫೋಟೋಗೆ ಅಂತ ಒಂದರ ತೋಳನ್ನ ಮೇಣದಲ್ಲಿ ಅಂಟಿಸಿದ್ದೆ. ಆಮೇಲೆ ಬಿಡಿಸಿದೆ, ನೋವು ಹೋಯ್ತು. ಕೈ ವಾಪಸ್ ಬರಲಿಲ್ಲ." ಪಾಪ, ಲಕ್ವ ಹೊಡೆದದ್ದು ತಲೆಗೂ ಏರಿದೆ ಎಂದುಕೊಂಡ ಅಂಟುಮಾಸ್ತರ. ವಯಸ್ಸಾದವರೊಡನೆ ವಾದವೇಕೆಂದು ಹೂಂಗುಟ್ಟಿದ.

ಹೂಂಗುಟ್ಟಿದ್ದನ್ನು ಗಾಳಿಗೆ ತೂರಲು ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಹೊಸ ಸಭಾಂಗಣದ ನಡುವೆ ಆ ಬೊಂಬೆ ಇಡಿಯಾಗಿ ನಿಲ್ಲಬೇಕೆಂದು ನಿರ್ದೇಶಕರು ಪಟ್ಟು ಹಿಡಿದಿದ್ದರು. ಅದೂ ಸಂಜೆಯೊಳಗೆ. ಮೊದಲ ಕೆಲಸದಲ್ಲೇ ಮೆಚ್ಚುಗೆ ಗಿಟ್ಟಿಸುವ ಅವಕಾಶವನ್ನು ಬಿಡುವವನಲ್ಲ ಅವನು.

ನೆಲಮಾಳಿಗೆಯ ಅವನ ಕೋಣೆಗೆ ಕಿಟಕಿಯಿರಲಿಲ್ಲ. ಸ್ಪಿರಿಟ್ಟು, ಹಸಿ ಪ್ಲಾಸ್ಟರು, ಹಳೆಯ ರಟ್ಟು ಸೇರಿದ ಒಂದು ಘಾಟು ಅಲ್ಲಿ ಸದಾ ಕವಿದಿರುತ್ತಿತ್ತು. ಬೊಂಬೆಯ ಎರಡು ತುಂಡುಗಳನ್ನು ದೀಪದ ಕೆಳಗಿಟ್ಟ. ಬೆರಳ ತುದಿಯಿಂದ ಒತ್ತಿ ಮಾಡಿದ ಎರಡು ಕುಳಿಗಳೇ ಕಣ್ಣು. ಸೊಂಟದ ಸುತ್ತ ಉಗುರಿನಿಂದ ಗೀರಿದ ಸಾಲುಗೆರೆ. ಒಳಗೆ ಪೊಳ್ಳು. ಬ್ರಷ್ಷಿನಿಂದ ಗುಡಿಸಿದರೆ ಚಿಟಿಕೆ ಬೂದಿ ಬಿತ್ತು, ಅಷ್ಟೇ.

ಆ ಹೊತ್ತಿಗೆ ಅಕ್ಕ ಬಂದಳು, ಅವನು ಮನೆಯಲ್ಲಿ ಮರೆತ ಊಟದ ಡಬ್ಬಿ ಹಿಡಿದು. ಅಪ್ಪ ಅಮ್ಮ ಹೋದ ಮೇಲೆ ಅವನನ್ನು ಸಾಕಿ ಸಲಹಿದವಳು, ಅವನಿಗಾಗಿ ಮದುವೆಯ ಮಾತನ್ನೇ ಎತ್ತದವಳು. ಶಾಲೆಯಲ್ಲಿ ಆಟ ಕಲಿಸುವ ಮೇಡಂ. ಈಗಲೂ ಮಕ್ಕಳ ಜೊತೆ ಓಡಿ ಮಕ್ಕಳನ್ನೇ ಸೋಲಿಸುವ ಗಟ್ಟಿಗಿತ್ತಿ. ಪ್ರಪಂಚದಲ್ಲಿ ಅವನಿಗೆಂದು ಇದ್ದವಳು ಅವಳೊಬ್ಬಳೇ.

"ತಲೆ ಒಂದು ಕುತ್ತಿಗೆಗೆ ಅಂಟಿದೆ ಅಂತ ಉಳ್ಕೊಂಡಿದೆ, ಇಲ್ದಿದ್ರೆ ಅದನ್ನೂ ಮನೇಲೇ ಬಿಟ್ಟು ಬರ್ತಿದ್ದೆ," ಎಂದು ಡಬ್ಬಿ ಇಟ್ಟಳು.

"ಬಂದೋಳು ಬಂದೆ, ಇದನ್ನ ಸ್ವಲ್ಪ ಹಿಡ್ಕೋ. ಅಲ್ಲಾಡಿಸಬೇಡ."

ಈ ಕಸುಬಿನಲ್ಲಿ ಒಂದು ಕಟ್ಟಳೆಯಿದೆ. ಅಂಟು ಯಾವತ್ತೂ ಮಣ್ಣಿಗಿಂತ ದುರ್ಬಲವಾಗಿರಬೇಕು. ಮುಂದೆಂದಾದರೂ ಬಿಡಿಸುವ ಪ್ರಸಂಗ ಬಂದರೆ ಬೆಸುಗೆ ಬಿಡಬೇಕೇ ಹೊರತು ವಸ್ತು ಒಡೆಯಬಾರದು. ಆದರೆ ಅಂಥ ಅಂಟು ಒಣಗಲು ದಿನಗಟ್ಟಲೆ ಬೇಕು. ಅಂಟುಮಾಸ್ತರ ಕಲ್ಲುಕಂಬಗಳಿಗೆ ಬಳಸುವ ಅಂಟಿನ ಡಬ್ಬಿ ತೆರೆದ. ಒಮ್ಮೆ ಕೂತರೆ ಬ್ರಹ್ಮ ಬಂದರೂ ಬಿಡಿಸಲಾಗದ ಅಂಟು ಅದು.

ಎರಡು ಅಂಚುಗಳು ಒಂದನ್ನೊಂದು ಮುಟ್ಟಿದವು. ಕಟಕ್ಕೆಂದು ಸಣ್ಣ ಸದ್ದಾಯಿತು.

"ಇದು ಬೆಚ್ಚಗಿದೆಯಲ್ಲೋ," ಎಂದಳು ಅಕ್ಕ.

"ನಿನ್ನ ಕೈ ಬಿಸಿ."

"ಒಳಗೆ ಏನೋ ಉರುಳ್ತಿದೆ."

ಅವನು ಬೊಂಬೆಯನ್ನು ಕಿವಿಗೆ ಹಿಡಿದ. ತಾನೇ ಗುಡಿಸಿ ಖಾಲಿ ಮಾಡಿದ ಹೊಟ್ಟೆಯೊಳಗೆ ಕಾಳಿನಂಥದ್ದೇನೋ ಗುಡುಗುಡು ಎಂದು ಸುತ್ತಿ ನಿಂತಿತು. ನೆಂದ ಬೂದಿಯ ವಾಸನೆ ಮೂಗಿಗೆ ಅಡರಿತು. ಅಂಟಿನ ಚೂರು ಒಳಗೆ ಬಿದ್ದಿರಬೇಕೆಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಮಾರನೆಯ ಬೆಳಿಗ್ಗೆ ಅಕ್ಕ ಹಾಸಿಗೆಯಿಂದ ಏಳಲಿಲ್ಲ. ಸೊಂಟ ಹಿಡಿದಿದೆ ಎಂದಳು. ಮಧ್ಯಾಹ್ನದ ಹೊತ್ತಿಗೆ ಕಾಲು ನನ್ನದಲ್ಲ ಅನ್ನಿಸ್ತಿದೆ ಎಂದಳು. ಆಸ್ಪತ್ರೆಯವರು ಮೂಳೆಯ ಚಿತ್ರ ತೆಗೆದು, ಎಲ್ಲ ಸರಿಯಿದೆ ಎಂದು ಮಾತ್ರೆ ಕೊಟ್ಟು ಕಳಿಸಿದರು. ಹಾಸಿಗೆ ಸರಿಪಡಿಸಲು ಅವನು ಹೊದಿಕೆ ಎತ್ತಿದ. ಅವಳ ಸೊಂಟದ ಸುತ್ತ ಉಗುರಿನಿಂದ ಗೀರಿದ ಸಾಲುಗೆರೆ ಮೂಡಿತ್ತು. ಮುಟ್ಟಿದರೆ ಚರ್ಮ ಒರಟಾಗಿ, ಮಡಕೆಯ ಮೈಯಂತೆ ತಣ್ಣಗಿತ್ತು. ಹಾಸಿಗೆಯ ತುಂಬ ಕೆಂಪು ಧೂಳು ಉದುರಿತ್ತು.

ಅವನು ಮಣ್ಣಮ್ಮನ ಮನೆಗೆ ಓಡಿದ. ಅವರು ಬಯ್ಯಲಿಲ್ಲ, ಅದರಿಂದಲೇ ಅವನಿಗೆ ಹೆಚ್ಚು ಭಯವಾಯಿತು.

"ಹಿಡ್ಕೊಂಡಿದ್ದು ಯಾರು?"

"ಅಕ್ಕ."

"ಮತ್ತೆ ಅವಳ ಕೈಗೇ ಕೊಟ್ಟು ಮುರಿ. ಹಳೇ ಜಾಗದಲ್ಲೇ, ಸೊಂಟದಲ್ಲೇ ಮುರೀಬೇಕು. ಒಂದು ಮನೆಯ ನೋವಾಗಿದ್ರೆ ಹೊಸ್ತಿಲ ಹತ್ತಿರ ಹೂಳ್ತಿದ್ರು. ಇದನ್ನ ಊರಿನ ಎರಡು ತುದೀಲಿ ಗುಂಡಿ ತೋಡಿ ಹೂತಿದ್ರು, ತಿಳ್ಕೋ. ಇದರೊಳಗೆ ಊರಿಗೂರೇ ಇದೆ." ಆಮೇಲೆ ಕೇಳಿದರು, "ಮೆತ್ತನೆ ಅಂಟೇ ಹಾಕಿದೀಯ ತಾನೇ?"

ಅವನು ಎದ್ದು ಮ್ಯೂಸಿಯಮ್ಮಿಗೆ ಓಡಿದ. ಸಭಾಂಗಣದಲ್ಲಿ ಕೆಲಸದವರು ಚಹಾಕ್ಕೆ ಹೋಗಿದ್ದರು. ಗಾಜಿನ ಪೆಟ್ಟಿಗೆಯಿಂದ ಬೊಂಬೆಯನ್ನು ಎತ್ತಿ, ಸಲಕರಣೆಯ ಚೀಲಕ್ಕೆ ತುರುಕಿ ಮನೆಗೆ ತಂದ. ಅಂಟು ಕರಗಿಸುವ ದ್ರಾವಣಗಳನ್ನು ಒಂದೊಂದಾಗಿ ಹಚ್ಚಿದ. ಬೆಸುಗೆ ಒಂದು ಕೂದಲಿನಷ್ಟೂ ಸಡಿಲಲಿಲ್ಲ. ಸಣ್ಣ ಗರಗಸ ಇಟ್ಟು ಒಂದೇ ಒಂದು ಸಲ ಎಳೆದ. ಒಳಕೋಣೆಯಿಂದ ಅಕ್ಕ ಚೀರಿದಳು. ಓಡಿಹೋಗಿ ನೋಡಿದರೆ ಅವಳ ಸೊಂಟದಲ್ಲಿ ತೆಳುವಾದ ಗಾಯ ಬಾಯಿ ತೆರೆದು ರಕ್ತ ಜಿನುಗುತ್ತಿತ್ತು.

ಇನ್ನು ಒಂದೇ ದಾರಿ. ಒಂದೇ ಪೆಟ್ಟಿಗೆ ಮುರಿಯಬೇಕು. ಬೆಸುಗೆ ಮಣ್ಣಿಗಿಂತ ಗಟ್ಟಿ ಎಂದು ಅವನಿಗೆ ಗೊತ್ತಿತ್ತು. ಅವನಷ್ಟು ಚೆನ್ನಾಗಿ ಅದನ್ನು ಬಲ್ಲವರು ಇನ್ನಾರೂ ಇರಲಿಲ್ಲ. ಅಕ್ಕನಿಗೆ ಅದನ್ನು ಹೇಳುವ ಧೈರ್ಯ ಮಾತ್ರ ಬರಲಿಲ್ಲ.

"ಗಟ್ಟಿಯಾಗಿ ಹಿಡ್ಕೋ ಅಕ್ಕ. ಮುರಿದ್ರೆ ಎಲ್ಲಾ ಸರಿ ಹೋಗುತ್ತೆ."

"ನೀನು ಮುರಿಯೋದ್ರಲ್ಲಿ ಚಿಕ್ಕೋನಿದ್ದಾಗಿಂದ್ಲೂ ಜಾಣ," ಎಂದು ಅವಳು ಆ ನೋವಿನಲ್ಲೂ ತುಟಿಯಂಚಿನಲ್ಲಿ ನಕ್ಕಳು. ಎರಡೂ ಕೈಯಲ್ಲಿ ಬೊಂಬೆಯ ಕಾಲು ಹಿಡಿದಳು.

ಅವನು ಮೇಲ್ಭಾಗ ಹಿಡಿದ. ಬಾಗಿಸಿದ. ಬಾಗಲಿಲ್ಲ. ಒಳಗೆ ಗುಡುಗುಡು ಶುರುವಾಯಿತು. ಬೂದಿಯ ವಾಸನೆ. ಕೋಣೆಯ ಬೆಳಕು ಕಂದಿತು. ಹೊರಗೆ ಇನ್ನೂ ಬಿಸಿಲು. ಒಳಗೆ ಕತ್ತಲೆ. ಯಾರೋ ಉಸಿರು ಬಿಟ್ಟರು. ಒಬ್ಬರಲ್ಲ. ಹಲವರು. ಅವನು ಕಣ್ಣು ಮುಚ್ಚಿದ. ಬಲವೆಲ್ಲ ಹಾಕಿದ. ಎಳೆದ. ತಿರುಚಿದ.

ಲಟಕ್ಕೆಂದಿತು.

ಸೊಂಟ ಹಾಗೇ ಇತ್ತು. ಬೊಂಬೆಯ ತಲೆ ಅವನ ಅಂಗೈಯಲ್ಲಿತ್ತು.

ಅಕ್ಕನ ತಲೆ ದಿಂಬಿನ ಮೇಲೆ ಒಂದು ಕಡೆಗೆ ವಾಲಿಕೊಂಡಿತ್ತು, ಬದುಕಿರುವ ಕುತ್ತಿಗೆ ಅಷ್ಟು ವಾಲುವುದಿಲ್ಲ. ಅವನು ಕರೆದ. ಅಲುಗಾಡಿಸಿದ. ಮೂಗಿನ ಬಳಿ ಬೆರಳಿಟ್ಟ. ಅಳುತ್ತಲೇ ಅವನು ಚೀಲದೊಳಗೆ ತಡಕಾಡತೊಡಗಿದ. ಕೂಡಿಸುವುದೊಂದೇ ಅವನಿಗೆ ಗೊತ್ತಿದ್ದದ್ದು. ಕಲ್ಲಂಟಿನ ಡಬ್ಬಿ ತೆರೆದು ಬೊಂಬೆಯ ಕುತ್ತಿಗೆಗೆ ಬಳಿದ. ತಲೆಯನ್ನಿಟ್ಟು, ಅದರ ಸುತ್ತ ಅಕ್ಕನ ತಣ್ಣನೆಯ ಬೆರಳುಗಳನ್ನು ಮಡಚಿ, ಮೇಲಿಂದ ತನ್ನ ಕೈಯೊತ್ತಿ ಕೂತ.

ಬೊಂಬೆ ಬೆಚ್ಚಗಾಯಿತು. ಅಕ್ಕನ ತಲೆ ನಿಧಾನವಾಗಿ, ಗರಗರ ಸದ್ದು ಮಾಡುತ್ತ, ನೆಟ್ಟಗಾಯಿತು. ಕಣ್ಣು ತೆರೆಯಿತು. ಸಂತೋಷದಿಂದ ಅವನು ಅವಳ ಕೆನ್ನೆ ಸವರಿದ.

"ಮುರಿ," ಎಂದಳು ಅಕ್ಕ.

ಧ್ವನಿ ಅವಳದೇ. ಬೇರೆ ಯಾರದಾದರೂ ಆಗಿದ್ದರೆ ಅವನು ಮುರಿಯುತ್ತಿದ್ದನೇನೋ.

"ತುಂಬಾ ಜನ ಇದಾರೆ ತಮ್ಮಾ. ಅವರವರ ನೋವೆಲ್ಲ ತಂದು ನನ್ನ ಮೇಲೆ ಇಡ್ತಿದಾರೆ. ಮುರಿದು ಹಾಗೇ ಬಿಟ್ಬಿಡು. ಮತ್ತೆ ಅಂಟಿಸಬೇಡ."

"ನಾಳೆ ಅಕ್ಕ," ಎಂದ ಅಂಟುಮಾಸ್ತರ.

ಮರುದಿನವೂ ಅವನು ಹಾಗೆಯೇ ಹೇಳಿದ. ಕೆಲಸ ಬಿಟ್ಟ, ಊರು ಬಿಟ್ಟ, ಅಕ್ಕನನ್ನು ಮಾತ್ರ ಬಿಡಲಿಲ್ಲ. ಅವಳಿಗೆ ಊಟ ಬೇಕಾಗಲಿಲ್ಲ, ನಿದ್ದೆ ಬೇಕಾಗಲಿಲ್ಲ, ರೆಪ್ಪೆ ಮುಚ್ಚುವುದೂ ಸಾಧ್ಯವಾಗಲಿಲ್ಲ. ಕೈಬೆರಳುಗಳೂ ಮಣ್ಣಾದ ಮೇಲೆ ಬೊಂಬೆಯನ್ನು ತಾನೇ ಮುರಿದುಕೊಳ್ಳುವ ದಾರಿಯೂ ಅವಳಿಗೆ ಉಳಿಯಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಅವನು ಬೊಂಬೆಯಿಟ್ಟ ಮರದ ಪೆಟ್ಟಿಗೆ ತೆರೆದು ನೋಡುತ್ತಿದ್ದ, ಬೊಂಬೆಯಲ್ಲಿ ಎಲ್ಲಾದರೂ ಬಿರುಕು ಬಿಟ್ಟಿದೆಯೇ ಎಂದು. ಬಿಟ್ಟಿದ್ದರೆ ಒಂದು ಹನಿ ಅಂಟು ತುಂಬುತ್ತಿದ್ದ. ಹಾಸಿಗೆಯಿಂದ "ಮುರಿಯೋ" ಎಂಬ ಮಾತು ಬರುತ್ತಲೇ ಇರುತ್ತಿತ್ತು.

"ನೀನಿಲ್ದೆ ನಾನೇನು ಮಾಡ್ಲಿ ಹೇಳು," ಎನ್ನುತ್ತ ಅವನು ಬೊಂಬೆಯ ಸುತ್ತ ಇನ್ನೊಂದು ಪದರ ಹತ್ತಿ ಸುತ್ತುತ್ತಿದ್ದ.